ದಿನವಿಡೀ ಬರೀ ಅಂಕಿ ಟೈಪ್ ಮಾಡುತ್ತೇನೆ, ಇದೂ ಒಂದು ಕೆಲಸವೇ?

ಪ್ರಶ್ನೆ: ನನಗೆ 26 ವರ್ಷ. ಬಿಕಾಂ ಮುಗಿಸಿ ನಮ್ಮೂರಿನ ರಕ್ತಪರೀಕ್ಷೆ ಲ್ಯಾಬಿಗೆ ಸೇರಿ ಮೂರು ವರ್ಷವಾಯಿತು. ಹೆಸರು, ವಯಸ್ಸು, ರಿಪೋರ್ಟಿನ ಅಂಕಿ ಟೈಪ್ ಮಾಡುವುದೇ ಕೆಲಸ. ಜೊತೆಗೆ ಓದಿದವರೆಲ್ಲ ಬೆಂಗಳೂರಿನಲ್ಲಿದ್ದಾರೆ. ನನ್ನ ಕೆಲಸಕ್ಕೆ ಅರ್ಥವೇ ಇಲ್ಲ ಅನಿಸುತ್ತದೆ. ಬಿಟ್ಟುಬಿಡಲೇ?
– ಓದುಗ, ಹಾವೇರಿ ಜಿಲ್ಲೆ

ಉತ್ತರ: ಬಿಡುವ ಮಾತು ಆಮೇಲೆ. ನೀವು ಟೈಪ್ ಮಾಡಿದ ಹಾಳೆ ಹೊರಗೆ ಹೋದ ಮೇಲೆ ಏನಾಗುತ್ತದೆ ಅಂತ ಯಾವತ್ತಾದರೂ ಯೋಚಿಸಿದ್ದೀರಾ? ಖಾಲಿ ಹೊಟ್ಟೆಯ ಶುಗರ್ ಪರೀಕ್ಷೆಗೆ ಬರುವ ಅಜ್ಜಿ ರಾತ್ರಿಯಿಂದ ಏನೂ ತಿಂದಿರುವುದಿಲ್ಲ, ಮೊದಲ ಬಸ್ಸು ಹಿಡಿದು ನೀವು ಬಾಗಿಲು ತೆಗೆಯುವ ಮುಂಚೆಯೇ ಮೆಟ್ಟಿಲ ಮೇಲೆ ಕೂತಿರುತ್ತಾರೆ, ಸಂಜೆ ಆ ಹಾಳೆ ಹಿಡಿದು ಡಾಕ್ಟರ ಹತ್ತಿರ ಹೋಗುವಾಗ ಅದರಲ್ಲಿ ಏನು ಬರೆದಿದೆ ಎಂದು ಓದಲೂ ಅವರಿಗೆ ಬರುವುದಿಲ್ಲ. ಡಾಕ್ಟರು ನಂಬುವುದು ನೀವು ಹೊಡೆದ ಅಂಕಿಯನ್ನು. ಹಿಮೋಗ್ಲೋಬಿನ್ 7.2 ಇದ್ದದ್ದು ಕೈತಪ್ಪಿ 12.7 ಆದರೆ? ರಕ್ತ ಕಡಿಮೆ ಇರುವ ಬಸುರಿ ಹೆಂಗಸು ಎಲ್ಲ ಸರಿಯಿದೆ ಅಂದುಕೊಂಡು ಮನೆಗೆ ಹೋಗುತ್ತಾಳೆ.

ಇದನ್ನು ಸುಮ್ನೆ ಹೇಳುತ್ತಿಲ್ಲ. ಪತ್ರಿಕೆಗೆ ಬರುವ ಮುಂಚೆ ನಾನು ಒಂದು ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದೆ. ಮದುವೆ ಕಾರ್ಡು, ತಿಥಿ ಕಾರ್ಡು, ಬಿಲ್ ಬುಕ್ಕು. ದಿನಾ ಅದೇ. ಒಂದು ಮದುವೆ ಕಾರ್ಡಿನಲ್ಲಿ ಮುಹೂರ್ತ 10.15 ಇದ್ದದ್ದು 11.15 ಅಂತ ಅಚ್ಚಾಯಿತು. ನನ್ನ ಕಣ್ಣು ತಪ್ಪಿಸಿಕೊಂಡಿತ್ತು. ಹುಡುಗಿಗೆ ಅಕ್ಷರ ಕಲಿಸಿದ ಮೇಷ್ಟ್ರು ಬರುವಷ್ಟರಲ್ಲಿ ಧಾರೆ ಮುಗಿದಿತ್ತಂತೆ. ಅವಳ ತಂದೆ ಪ್ರೆಸ್ಸಿಗೆ ಬಂದರು, ಜಗಳ ಮಾಡಲಿಲ್ಲ, ಕಾರ್ಡನ್ನು ನನ್ನ ಮೇಜಿನ ಮೇಲಿಟ್ಟು ಹೋದರು. ಆಮೇಲೆ ಪಂಚಾಂಗ ಪಕ್ಕದಲ್ಲಿಟ್ಟುಕೊಳ್ಳದೆ ನಾನು ಒಂದು ಕಾರ್ಡನ್ನೂ ತಿದ್ದಿಲ್ಲ. ಕೆಲಸ ಅದೇ ಇತ್ತು, ಆದರೆ ಬೇಜಾರು ಹೋಗಿತ್ತು.

ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ನಿಮಗೆ ಗೊತ್ತಿರಬೇಕು. ಶಾಲೆ ಮೆಟ್ಟಿಲು ಹತ್ತಿದವರಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿ. ಬೀಜ ಹಾಕು, ನೀರು ಹಾಕು, ಸಸಿ ನೋಡಿಕೋ. ದಿನಾ ಅದೇ, ಅಲ್ವಾ? ಆದರೆ ಅಲ್ಲೇ ಇದ್ದುಕೊಂಡು ಅವರು ಕಾಡಿನಲ್ಲಿ ತಾಯಿಮರ, ಅಂದರೆ ಒಳ್ಳೆ ಬೀಜ ಕೊಡುವ ಮರ, ಯಾವುದೆಂದು ಗುರುತಿಸುವುದನ್ನು, ಬೀಜ ಯಾವ ಹೊತ್ತಿಗೆ ಆರಿಸಬೇಕು ಎನ್ನುವುದನ್ನು ಕಲಿತರು. 2021ರಲ್ಲಿ ಬರಿಗಾಲಲ್ಲೇ ಹೋಗಿ ರಾಷ್ಟ್ರಪತಿಗಳಿಂದ ಪದ್ಮಶ್ರೀ ಪಡೆದರು. ಅವರು 2024ರ ಡಿಸೆಂಬರಿನಲ್ಲಿ ತೀರಿಕೊಂಡಾಗ ನನಗೆ ನೆನಪಾದದ್ದು ಪದಕಕ್ಕಿಂತ ಜಾಸ್ತಿ ಆ ತಾಯಿಮರದ ಗುರುತು.

ನೀವೂ ಕಲಿಯಿರಿ. ಪಕ್ಕದಲ್ಲೇ ಟೆಕ್ನಿಷಿಯನ್ ಇದ್ದಾರಲ್ಲ, ದಿನಕ್ಕೊಂದು ಪರೀಕ್ಷೆ ಬಗ್ಗೆ ಕೇಳಿ. ಖಾಲಿ ಹೊಟ್ಟೆಯ ಶುಗರ್ 100ರ ಒಳಗಿದ್ದರೆ ಸರಿ, 126 ಮುಟ್ಟಿದರೆ ಸಕ್ಕರೆ ಕಾಯಿಲೆಯ ಅನುಮಾನ. ಇಷ್ಟು ಗೊತ್ತಿದ್ದರೂ ಎಡವಟ್ಟು ಅಂಕಿಯೊಂದು ಬಂದಾಗ ನಿಮ್ಮ ಕೈ ತಾನಾಗಿ ನಿಲ್ಲುತ್ತದೆ, ಎದ್ದು ಹೋಗಿ ಇನ್ನೊಮ್ಮೆ ನೋಡಿ ಅನ್ನುತ್ತೀರಿ. ಮೂರು ತಿಂಗಳು ಹೀಗೆ ಮಾಡಿ. ಆಗಲೂ ಬೇಡ ಅನಿಸಿದರೆ ಧೈರ್ಯವಾಗಿ ಬಿಡಿ.

ಸಂಬಳದ ವಿಷಯ ನೀವು ಬರೆದಿಲ್ಲ. ಮೂರು ವರ್ಷದಲ್ಲಿ ಅದು ಏರಿಲ್ಲದಿದ್ದರೆ ಮಾಲೀಕರನ್ನು ನೇರವಾಗಿ ಕೇಳಿ. ಒಳ್ಳೆ ಕೆಲಸ ಅಂತ ಕಡಿಮೆ ದುಡ್ಡಿಗೆ ದುಡಿಯಿರಿ ಎಂದು ನಾನು ಖಂಡಿತ ಹೇಳುವುದಿಲ್ಲ. ಕೊಡದಿದ್ದರೆ ಬೇರೆ ಲ್ಯಾಬು ಹುಡುಕಿ.