ನಾಲ್ಕು ಪ್ರಶ್ನೆಗೂ ಇಂಗ್ಲಿಷ್ ಅಂತ ಬರೆದೆ

ಸೌಮ್ಯಾ, ನಿಮ್ಮ ಪತ್ರ ಓದಿದೆ. ಹಾಸನದಲ್ಲಿ ಕೂತು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನ ಶಾಲೆಗಳ ಬಗ್ಗೆ ಇಷ್ಟೆಲ್ಲ ಹುಡುಕಿದ್ದೀರಲ್ಲ, ಖುಷಿಯಾಯಿತು. ಆಗಸ್ಟ್‌ನಲ್ಲಿ ಬರುತ್ತಿದ್ದೀರಿ, ಮಗಳದ್ದು ಯುಕೆಜಿ ಮುಗಿದಿದೆ, ಅಕ್ಟೋಬರ್‌ಗೆ ಆರು ತುಂಬುತ್ತದೆ. ಯಾವ ಶಾಲೆ ಒಳ್ಳೆಯದು, ಏನೇನು ಕಾಗದ ಬೇಕು, ನಿಜವಾಗಿ ಫೀಸ್ ಇಲ್ಲವಾ, ಇಷ್ಟು ದುಡ್ಡಿರೋ ಊರಲ್ಲಿ ಶಾಲೆಗೆ ದುಡ್ಡಿಲ್ಲ ಅಂತ ಯಾಕೆ ಹೇಳುತ್ತಾರೆ ಅಂತ ಕೇಳಿದ್ದೀರಿ. ಕೊನೆಯಲ್ಲಿ ಒಂದು ಸಾಲು ಇತ್ತು: 'ಅಕ್ಕಾ, ಮನೆಯಲ್ಲಿ ಯಾವ ಭಾಷೆ ಮಾತಾಡ್ತೀರಿ ಅಂತ ಫಾರಂನಲ್ಲಿ ಕೇಳ್ತಾರಂತೆ. ಇಂಗ್ಲಿಷ್ ಅಂತ ಬರೆದುಬಿಡಿ ಅಂತ ಎಲ್ಲರೂ ಹೇಳ್ತಿದ್ದಾರೆ. ಹಾಗೇ ಮಾಡ್ಲಾ?' ಅದನ್ನು ಓದಿದ ಮೇಲೆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ, ಮೊದಲು ಉಳಿದದ್ದು ಹೇಳಿಬಿಡುತ್ತೇನೆ.

ಶಾಲೆ ಹುಡುಕುವ ಮುಂಚೆ ಡಿಸ್ಟ್ರಿಕ್ಟ್ ಯಾವುದು ಅಂತ ನೋಡಿ. ಇದು ನಮ್ಮ ಜಿಲ್ಲೆಯ ಹಾಗಲ್ಲ. ಶಾಲೆ ನಡೆಸುವುದಕ್ಕೆಂದೇ ಇರುವ ಬೇರೆ ಆಡಳಿತ, ಅದರ ಬೋರ್ಡನ್ನು ಜನ ವೋಟು ಹಾಕಿ ಆರಿಸುತ್ತಾರೆ. ಊರಿನ ಗಡಿಯೇ ಬೇರೆ, ಅದರ ಗಡಿಯೇ ಬೇರೆ. ಸನ್ನಿವೇಲ್ ಅನ್ನೋ ಒಂದೇ ಊರಿನಲ್ಲಿ ಕೆಲವು ಬೀದಿಗಳು ಸನ್ನಿವೇಲ್ ಸ್ಕೂಲ್ ಡಿಸ್ಟ್ರಿಕ್ಟ್‌ಗೆ, ಕೆಲವು ಕ್ಯುಪರ್ಟಿನೊ ಯೂನಿಯನ್‌ಗೆ, ಇನ್ನು ಕೆಲವು ಸ್ಯಾಂಟಾ ಕ್ಲಾರಾ ಯೂನಿಫೈಡ್‌ಗೆ ಸೇರುತ್ತವೆ. ಮೊದಲ ಎರಡರಲ್ಲಿ ಎಂಟನೇ ಕ್ಲಾಸ್‌ವರೆಗೆ ಮಾತ್ರ. ಹೈಸ್ಕೂಲಿಗೆ ಹೆಚ್ಚಾಗಿ ಫ್ರೀಮಾಂಟ್ ಯೂನಿಯನ್ ಅಂತ ಇನ್ನೊಂದು ಡಿಸ್ಟ್ರಿಕ್ಟ್. ಹೆಸರು ನೋಡಿ ಫ್ರೀಮಾಂಟ್ ಊರಿನದು ಅಂದುಕೊಳ್ಳಬೇಡಿ, ಆ ಊರಿನ ಡಿಸ್ಟ್ರಿಕ್ಟೇ ಬೇರೆ. ರಸ್ತೆಯ ಈ ಬದಿಯ ಮನೆಗೆ ಒಂದು ಶಾಲೆ, ಆ ಬದಿಗೆ ಇನ್ನೊಂದು ಆಗಬಹುದು. ಮನೆ ಮಾಲೀಕನ ಮಾತು ನಂಬಿ ಲೀಸ್‌ಗೆ ಸಹಿ ಹಾಕಬೇಡಿ. ಗಡಿಯೊಳಗೇ ಇದ್ದರೂ ನಿಮ್ಮ ಶಾಲೆ ತುಂಬಿದ್ದರೆ ಬೇರೆ ಶಾಲೆಗೆ ಕಳಿಸುತ್ತಾರೆ, ಅದಕ್ಕೂ ತಯಾರಿರಿ. ವೆಬ್‌ಸೈಟುಗಳು ಶಾಲೆಗೆ ಕೊಡುವ ರೇಟಿಂಗ್ ಹತ್ತಕ್ಕೆ ಹತ್ತು ಇರುವ ಕಡೆ ಬಾಡಿಗೆ ಜಾಸ್ತಿ. ಆ ಹತ್ತರಲ್ಲಿ ಪರೀಕ್ಷೆಯ ಅಂಕಗಳದ್ದೇ ದೊಡ್ಡ ಪಾಲು. ನನ್ನನ್ನು ಕೇಳಿದರೆ, ಏಳು ಇದ್ದರೂ ಸಾಕು, ನಡೆದು ಹೋಗುವಷ್ಟು ಹತ್ತಿರ ಇರಲಿ.

ಮಗಳನ್ನು ಒಂದನೇ ಕ್ಲಾಸಿಗೆ ತೆಗೆದುಕೊಳ್ಳುವುದಿಲ್ಲ. ಸೆಪ್ಟೆಂಬರ್ 1ರೊಳಗೆ ಆರು ತುಂಬಿರಬೇಕು. ಹಾಗಾಗಿ ಕಿಂಡರ್‌ಗಾರ್ಟನ್. ಒಂದು ವರ್ಷ ಹಿಂದೆ ಬಿದ್ದಳು ಅಂತ ಅತ್ತೆ ಮಾವ ಬೇಜಾರು ಮಾಡಿಕೊಳ್ಳಬಹುದು, ನೀವು ಮಾಡಿಕೊಳ್ಳಬೇಡಿ. ನಿಮ್ಮ ಚಿಕ್ಕವನಿಗೆ, ಮಗನಿಗೆ, ಸೆಪ್ಟೆಂಬರ್ 1ರೊಳಗೆ ನಾಲ್ಕು ತುಂಬುವ ವರ್ಷ ಟ್ರಾನ್ಸಿಷನಲ್ ಕಿಂಡರ್‌ಗಾರ್ಟನ್‌ಗೆ ಸೇರಿಸಬಹುದು, ಅದೂ ಉಚಿತ.

ಕಾಗದ ಅಂದರೆ ಪಾಸ್‌ಪೋರ್ಟ್ ಅಥವಾ ಜನನ ಪ್ರಮಾಣಪತ್ರ, ಲೀಸ್, ಕರೆಂಟ್ ಬಿಲ್, ಲಸಿಕೆ ದಾಖಲೆ. ಟಿಸಿ ಯಾರೂ ಕೇಳುವುದಿಲ್ಲ. ವೀಸಾ ಕಾರಣಕ್ಕೆ ಮಗುವನ್ನು ವಾಪಸ್ ಕಳಿಸುವ ಹಾಗಿಲ್ಲ, 1982ರಲ್ಲೇ ಇಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಲಸಿಕೆಯದ್ದೇ ತಲೆನೋವು. ತಾಯಿ ಕಾರ್ಡಿನಲ್ಲಿರುವ ಸರ್ಕಾರಿ ಲಸಿಕೆಗಳಲ್ಲಿ ಸೀತಾಳೆ ಸಿಡುಬಿನದ್ದು, ಅಂದರೆ ಚಿಕನ್‌ಪಾಕ್ಸ್‌ನದ್ದು ಇರುವುದಿಲ್ಲ, ಮಂಗನಬಾವಿನದ್ದೂ ಇರುವುದಿಲ್ಲ. ಇಲ್ಲಿ ಎರಡೂ ಬೇಕು, ಎರಡೆರಡು ಡೋಸ್. ಹಾಸನದಲ್ಲೇ ಮಕ್ಕಳ ಡಾಕ್ಟರ ಹತ್ತಿರ ಹಾಕಿಸಿ, ತಾರೀಖು ಸಮೇತ ಬರೆಸಿಕೊಂಡು ಬನ್ನಿ. ಬಿಸಿಜಿ ಹಾಕಿಸಿಕೊಂಡ ಮಕ್ಕಳಿಗೆ ಇಲ್ಲಿ ಟಿಬಿಯ ಚರ್ಮದ ಪರೀಕ್ಷೆ ಮಾಡಿದರೆ ಕೆಲವೊಮ್ಮೆ ಊದಿಕೊಳ್ಳುತ್ತದೆ. ಅದಕ್ಕೆ ಗಾಬರಿಯಾಗಬೇಡಿ. ರಕ್ತಪರೀಕ್ಷೆ ಮಾಡಿಸಿ ಅಂತ ನೀವೇ ಕೇಳಿ.

ಫೀಸ್ ಇಲ್ಲ. ನಿಜವಾಗಿಯೂ ಇಲ್ಲ. 2022ರಿಂದ ಎಲ್ಲ ಮಕ್ಕಳಿಗೂ ಬೆಳಗಿನ ತಿಂಡಿ, ಮಧ್ಯಾಹ್ನದ ಊಟ ಕೂಡ ಉಚಿತ. ಡೊನೇಷನ್ ಕೇಳಿ ಪತ್ರ ಬರುತ್ತದೆ. ಅದು ನಮ್ಮೂರಿನ ಡೊನೇಷನ್ ಅಲ್ಲ, ಕೊಡದಿದ್ದರೆ ಸೀಟು ಹೋಗುವುದಿಲ್ಲ. ಆದರೂ ಕೈಲಾದಷ್ಟು ಕೊಡಿ.

ದುಡ್ಡು ಯಾಕಿಲ್ಲ ಅಂದರೆ, 1978ರಲ್ಲಿ ಕ್ಯಾಲಿಫೋರ್ನಿಯಾದ ಜನ ಪ್ರೊಪೊಸಿಷನ್ 13 ಅಂತ ವೋಟು ಹಾಕಿ ತಂದರು. ಮನೆ ಕಂದಾಯದ ಮೂಲ ದರ ಬೆಲೆಯ 1%ಗೆ ನಿಂತಿತು. ಆ ಬೆಲೆಯನ್ನೂ ವರ್ಷಕ್ಕೆ 2%ಗಿಂತ ಜಾಸ್ತಿ ಏರಿಸುವ ಹಾಗಿಲ್ಲ, ಮನೆ ಕೈ ಬದಲಾದಾಗ ಹೊಸ ಲೆಕ್ಕ. ನಮ್ಮ ಪಕ್ಕದ ಮನೆಯ ಅಜ್ಜ ಎಷ್ಟೋ ವರ್ಷದ ಹಿಂದೆ ಕೊಂಡವರು, ನಮ್ಮಂಥದೇ ಮನೆ, ನಮ್ಮ ಕಂದಾಯದ ಸಣ್ಣ ಪಾಲು ಕಟ್ಟುತ್ತಾರೆ. ಆಮೇಲೆ ಶಾಲೆಯ ದುಡ್ಡಿಗೆ ಡಿಸ್ಟ್ರಿಕ್ಟ್‌ಗಳು ರಾಜ್ಯದ ಕಡೆ ನೋಡುವ ಹಾಗಾಯಿತು. 2013ರಿಂದ ಒಂದು ಸೂತ್ರ ಇದೆ. ಪ್ರತಿ ಮಗುವಿಗೆ ಇಷ್ಟು ಅಂತ ಮೂಲ ಮೊತ್ತ. ಬಡ ಮಗು, ಇಂಗ್ಲಿಷ್ ಕಲಿಯುತ್ತಿರುವ ಮಗು, ಅಪ್ಪ ಅಮ್ಮನಿಂದ ದೂರ ಬೇರೆಯವರ ಆಸರೆಯಲ್ಲಿ ಬೆಳೆಯುವ ಮಗು ಆದರೆ ಅದರ ಮೇಲೆ 20% ಹೆಚ್ಚು. ಇದನ್ನು ನೆನಪಿಟ್ಟುಕೊಳ್ಳಿ. ದುಡ್ಡು ಲೆಕ್ಕ ಹಾಕುವುದು ರಿಜಿಸ್ಟರಿನ ಹೆಸರು ನೋಡಿ ಅಲ್ಲ, ದಿನದ ಹಾಜರಿ ನೋಡಿ. ಸ್ಥಳೀಯ ಕಂದಾಯವೇ ಈ ಸೂತ್ರಕ್ಕಿಂತ ಹೆಚ್ಚು ಬರುವ ಕೆಲವು ಡಿಸ್ಟ್ರಿಕ್ಟ್‌ಗಳಿವೆ. ಸ್ಯಾಂಟಾ ಕ್ಲಾರಾ ಯೂನಿಫೈಡ್ ಅಂಥದ್ದು, ಅವರು ಆ ಹೆಚ್ಚಿನದನ್ನು ಇಟ್ಟುಕೊಳ್ಳಬಹುದು. ಉಳಿದ ಕಡೆ ಮಕ್ಕಳು ಕಡಿಮೆಯಾದರೆ ದುಡ್ಡೂ ಕಡಿಮೆ. ಮನೆ ಬೆಲೆಗೆ ಹೆದರಿ ಚಿಕ್ಕ ಮಕ್ಕಳಿರುವವರು ಬರುತ್ತಿಲ್ಲ. ಮಕ್ಕಳು ಕಡಿಮೆಯಾಗಿ ಕ್ಯುಪರ್ಟಿನೊ ಯೂನಿಯನ್ 2022ರಲ್ಲಿ ಎರಡು ಪ್ರಾಥಮಿಕ ಶಾಲೆ ಮುಚ್ಚಿತು. ಒಂದು ಕಾಲಕ್ಕೆ ಅಲ್ಲಿ ಸೀಟಿಗೆ ಪರದಾಡುತ್ತಿದ್ದರು.

ಡಿಸೆಂಬರ್‌ನಲ್ಲಿ ಊರಿಗೆ ಹೋಗುತ್ತೀರಿ, ಹೋಗಲೇಬೇಕು. ಆದರೆ ಸುಮ್ನೆ ಮೂರು ವಾರ ಶಾಲೆ ತಪ್ಪಿಸಬೇಡಿ. ಸರಿಯಾದ ಕಾರಣವಿಲ್ಲದೆ ಮೂರು ದಿನ ತಪ್ಪಿದರೆ ನೋಟಿಸ್ ಬರುತ್ತದೆ. ಮೊದಲೇ ಆಫೀಸಿಗೆ ಹೋಗಿ ಇಂಡಿಪೆಂಡೆಂಟ್ ಸ್ಟಡಿ, ಅಂದರೆ ಶಾಲೆ ಕೊಟ್ಟ ಪಾಠವನ್ನು ಊರಿನಲ್ಲೇ ಮಾಡಿ ಒಪ್ಪಿಸುವುದು, ಸಿಗುತ್ತಾ ಅಂತ ಕೇಳಿ. ಕಲಿಕೆಯಲ್ಲಿ ತೊಂದರೆ ಕಂಡರೂ ಅಷ್ಟೇ, ಪರೀಕ್ಷಿಸಿ ನೋಡಿ ಅಂತ ಬರೆದು ಕೊಡಿ. ಬಾಯಿಮಾತು ಅಲ್ಲೇ ಕರಗಿ ಹೋಗುತ್ತದೆ.

ಈಗ ಆ ಫಾರಂ. ಅದರಲ್ಲಿ ನಾಲ್ಕು ಪ್ರಶ್ನೆ. ಮಗು ಮೊದಲು ಕಲಿತ ಭಾಷೆ ಯಾವುದು, ಮನೆಯಲ್ಲಿ ಹೆಚ್ಚಾಗಿ ಯಾವುದನ್ನು ಆಡುತ್ತದೆ, ನೀವು ಮಗುವಿನ ಜೊತೆ ಯಾವುದರಲ್ಲಿ ಮಾತಾಡುತ್ತೀರಿ, ಮನೆಯ ದೊಡ್ಡವರು ಯಾವುದರಲ್ಲಿ ಮಾತಾಡುತ್ತಾರೆ. 2006ರ ಆಗಸ್ಟ್‌ನಲ್ಲಿ ನಾನು ಅದನ್ನು ಶಾಲೆಯ ಆಫೀಸಿನ ಕಟ್ಟೆಯ ಮೇಲಿಟ್ಟು ತುಂಬಿದೆ. ಯಾರೂ ಎತ್ತಿಕೊಂಡು ಹೋಗದಿರಲಿ ಅಂತ ಅಲ್ಲಿನ ಪೆನ್ನಿಗೆ ಪ್ಲಾಸ್ಟಿಕ್ ಸೂರ್ಯಕಾಂತಿ ಹೂವು ಸುತ್ತಿದ್ದರು. ನಾವು ಮೈಸೂರಿನಿಂದ ಬಂದು ಹನ್ನೊಂದು ದಿನ ಆಗಿತ್ತು. ಅಪಾರ್ಟ್‌ಮೆಂಟಿನಲ್ಲಿ ಪರಿಚಯವಾದವರು ಹೇಳಿದ್ದರು, ಕನ್ನಡ ಅಂತ ಬರೆದರೆ ದಡ್ಡ ಮಕ್ಕಳ ಜೊತೆ ಕೂರಿಸುತ್ತಾರೆ, ಆ ಹಣೆಪಟ್ಟಿ ಮತ್ತೆ ಹೋಗಲ್ಲ ಅಂತ. ಮಗಳು ಕಾನ್ವೆಂಟಿನಲ್ಲಿ ಓದಿದವಳು, ರೈಮ್ಸ್ ಎಲ್ಲ ಬರುತ್ತಿತ್ತು. ನಾಲ್ಕು ಪ್ರಶ್ನೆಗೂ ಇಂಗ್ಲಿಷ್ ಅಂತ ಬರೆದೆ.

ಎರಡನೇ ವಾರ ಆಫೀಸಿನಿಂದ ಫೋನ್. ಹೋದೆ. ಮಗಳು ಬೇರೆ ಯಾರದೋ ಪ್ಯಾಂಟ್ ಹಾಕಿಕೊಂಡು ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಅವಳ ಫ್ರಾಕು ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿತ್ತು. ಅವಳು ಕಿರುಬೆರಳು ಎತ್ತಿದ್ದಳಂತೆ. ತುಂಬಾ ಹೊತ್ತು ಎತ್ತಿಕೊಂಡೇ ಇದ್ದಳಂತೆ. ಟೀಚರಿಗೆ ಅರ್ಥವಾಗಲಿಲ್ಲ.

ನವೆಂಬರಿನಲ್ಲಿ ಟೀಚರ್ ಕರೆಸಿ ಮಾತಾಡಿದರು. ಒಳ್ಳೆಯ ಹೆಂಗಸು. ನಿಮ್ಮ ಮನೆಯ ಭಾಷೆ ಇಂಗ್ಲಿಷ್ ಅಂತ ಇತ್ತು, ಅದಕ್ಕೆ ನಾಚಿಕೆ ಸ್ವಭಾವ ಅಂದುಕೊಂಡೆ ಅಂದರು. ಆ ಶಾಲೆಯಲ್ಲಿ ದಿನಾ ಅರ್ಧ ಗಂಟೆ ಚಿತ್ರ ತೋರಿಸಿ ಮಾತು ಕಲಿಸುವ ಗುಂಪು ಇತ್ತು. ಮೆಕ್ಸಿಕೊ, ಕೊರಿಯಾ, ಚೀನಾದಿಂದ ಬಂದ ಮಕ್ಕಳು ದುಂಡು ಮೇಜಿನ ಸುತ್ತ ಕೂರುತ್ತಿದ್ದರು, ನಗುತ್ತಿದ್ದರು. ನನ್ನ ಮಗಳು ಅದನ್ನು ಕಿಟಕಿಯಿಂದ ನೋಡುತ್ತಿದ್ದಳು. ಅವಳಿಗೆ ಸಿಗಬೇಕಾದ ಕುರ್ಚಿಯನ್ನು ನಾನೇ ಬೇಡ ಅಂದಿದ್ದೆ. ಇವತ್ತಿನ ಸೂತ್ರ ಆಗ ಇದ್ದಿದ್ದರೆ, ಅವಳ ಹೆಸರಿಗೆ ಶಾಲೆಗೆ ಬರಬೇಕಿದ್ದ ಆ 20% ಅನ್ನೂ ನಾನೇ ತಪ್ಪಿಸಿದ ಹಾಗಾಗುತ್ತಿತ್ತು.

ಆಗಲಾದರೂ ಹೋಗಿ ನಿಜ ಹೇಳಬೇಕಿತ್ತು. ನಾಚಿಕೆಯಾಯಿತು. ಬರೆದ ಸುಳ್ಳನ್ನು ನಿಜ ಮಾಡಲು ಹೊರಟೆವು. ಮನೆಯಲ್ಲೂ ಇಂಗ್ಲಿಷ್, ಊಟಕ್ಕೆ ಕೂತರೂ ಇಂಗ್ಲಿಷ್. ವರ್ಷದೊಳಗೆ ಅವಳಿಗೆ ಇಂಗ್ಲಿಷ್ ಬಂತು, ನಾವು ಏನೂ ಮಾಡದಿದ್ದರೂ ಬರುತ್ತಿತ್ತು. ಕನ್ನಡ ಮಾತ್ರ ಹೋಯಿತು. ಸರಸ್ವತಿಪುರಂನಿಂದ ಅಜ್ಜಿಯ ಫೋನ್ ಬಂದರೆ 'ಊಟ ಆಯ್ತು' ಅನ್ನುತ್ತಿದ್ದಳು, ಫೋನ್ ನನಗೆ ಕೊಡುತ್ತಿದ್ದಳು.

2019ರಲ್ಲಿ ನಮ್ಮಮ್ಮ ಆಸ್ಪತ್ರೆಯಲ್ಲಿದ್ದಾಗ ಮಗಳೇ ರಾತ್ರಿ ಜೊತೆಗಿದ್ದಳು. ಬೆಳಗಿನ ಜಾವ ಅಮ್ಮ ಅವಳ ಕೈ ಹಿಡಿದು ಏನೋ ಹೇಳಿದರಂತೆ. ಸ್ವಲ್ಪ ಹೊತ್ತೇ, ಮೆಲ್ಲಗೆ. ನಾನು ಫ್ಲಾಸ್ಕಿನಲ್ಲಿ ಕಾಫಿ ತೆಗೆದುಕೊಂಡು ಹೋಗುವಷ್ಟರಲ್ಲಿ ಅಮ್ಮ ಮತ್ತೆ ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಅಜ್ಜಿ ಏನಂದ್ರು ಅಂತ ಕೇಳಿದೆ. ಮಗಳು ಕಿವಿಗೆ ಬಿದ್ದ ಸದ್ದನ್ನು ಹಾಗೇ ಹೇಳಲು ನೋಡಿದಳು. 'ಪೆಟ್ಟಿಗೆ' ಅನ್ನುವಂಥದ್ದು ಒಂದು, 'ನಿಂಗೆ' ಅನ್ನುವಂಥದ್ದು ಒಂದು. ಉಳಿದದ್ದು ಅವಳಿಗೆ ಹಿಡಿಯಲು ಬರಲಿಲ್ಲ. ಈಗಲೂ ಕೆಲವು ಸಲ ಅದನ್ನೇ ಹೇಳಿ, ಹೀಗಿರಬಹುದಾ ಅಮ್ಮಾ ಅಂತ ಕೇಳುತ್ತಾಳೆ.

ಅದಕ್ಕೇ ಹೇಳುತ್ತಿದ್ದೇನೆ ಸೌಮ್ಯಾ, ಕನ್ನಡ ಅಂತ ಬರೆಯಿರಿ. ಆಗ ಎಲ್ಪ್ಯಾಕ್ ಅನ್ನೋ ಪರೀಕ್ಷೆ ಮಾಡುತ್ತಾರೆ, ಸೇರಿದ 30 ದಿನದೊಳಗೆ. ಇಂಗ್ಲಿಷ್ ಚೆನ್ನಾಗಿ ಬಂದರೆ ಅಲ್ಲಿಗೆ ಮುಗಿಯಿತು. ಬರದಿದ್ದರೆ ಸಹಾಯ ಸಿಗುತ್ತದೆ, ವರ್ಷಕ್ಕೊಮ್ಮೆ ಮತ್ತೆ ನೋಡುತ್ತಾರೆ. ನಿಮಗೆ ಹೇಳಿದವರ ಭಯದಲ್ಲಿ ಸ್ವಲ್ಪ ನಿಜವೂ ಇದೆ. ಕೆಲವು ಮಕ್ಕಳು ಮಿಡ್ಲ್ ಸ್ಕೂಲ್‌ವರೆಗೂ ಇಂಗ್ಲಿಷ್ ಕಲಿಯುವವರ ಪಟ್ಟಿಯಲ್ಲೇ ಉಳಿದು, ಸಂಗೀತವೋ ಚಿತ್ರಕಲೆಯೋ ತೆಗೆದುಕೊಳ್ಳುವ ಪೀರಿಯಡ್ ಕಳೆದುಕೊಳ್ಳುತ್ತಾರೆ. ಹಾಗಾಗಿ ಪ್ರತಿ ವರ್ಷ ಫಲಿತಾಂಶ ಬಂದ ಕೂಡಲೇ ಹೋಗಿ ಕೇಳಿ, ಪಟ್ಟಿಯಿಂದ ತೆಗೆಯಲು ಇನ್ನೇನು ಬೇಕು ಅಂತ. ಮನೆಯಲ್ಲಿ ಮಾತ್ರ ಕನ್ನಡ ಬಿಡಬೇಡಿ.

ಬರುವ ಮುಂಚೆ ಅವಳಿಗೆ ಒಂದು ವಾಕ್ಯ ಕಲಿಸಿ: 'ಮೇ ಐ ಗೋ ಟು ದ ರೆಸ್ಟ್‌ರೂಮ್?' ಬೆರಳು ಎತ್ತಿದರೆ ಇಲ್ಲಿ ಯಾರಿಗೂ ಗೊತ್ತಾಗುವುದಿಲ್ಲ ಅಂತಲೂ ಹೇಳಿ. ಮೊದಲ ತಿಂಗಳು ಬ್ಯಾಗಿನಲ್ಲಿ ಒಂದು ಜೊತೆ ಬಟ್ಟೆ ಇಡಿ. ನಿಮ್ಮವರ ಆಫೀಸಿನವರು ತೋರಿಸಿದ ಆ ಎರಡು ಅಪಾರ್ಟ್‌ಮೆಂಟುಗಳ ವಿಳಾಸ ಕಳಿಸಿ. ಯಾವ ಶಾಲೆಗೆ ಬರುತ್ತವೆ ಅಂತ ಶನಿವಾರ ನೋಡಿ ಹೇಳುತ್ತೇನೆ.