ಇನ್ಸುಲಿನ್ ತಪ್ಪಿಸುವುದು ಹೇಗೆ ಅಂತ ಆಮೇಲೆ ನೋಡೋಣ, ಮೊದಲು ನಿಮ್ಮದು ಯಾವ ಶುಗರ್ ಅಂತ ಗೊತ್ತಾಗಲಿ

ವಯಸ್ಸು 36, ತೂಕ 49 ಕೆ.ಜಿ. ಥೈರಾಯ್ಡ್ ಮಾತ್ರೆ ಮೊದಲಿನಿಂದಲೂ ಇದೆ. ಶುಗರ್‌ಗೆ ಮೂರು ಥರದ ಮಾತ್ರೆ ನುಂಗುತ್ತಿದ್ದೀರಿ, ಆದರೂ ಶುಗರ್‌ನ ಮೂರು ತಿಂಗಳ ಸರಾಸರಿ (ಎಚ್‌ಬಿಎ1ಸಿ) 7.6ರಿಂದ 9.8ಕ್ಕೆ ಏರಿದೆ. ಅನ್ನ ಬಿಟ್ಟಾಯಿತು, ಮುದ್ದೆ ಅರ್ಧಕ್ಕೆ ಇಳಿಸಿದ್ದಾಯಿತು. ಇನ್ನೇನು ಬಿಟ್ಟರೆ ಇನ್ಸುಲಿನ್ ತಪ್ಪಿಸಬಹುದು ಅಂತ ಕೇಳಿದ್ದೀರಿ.

ದಯವಿಟ್ಟು ಇನ್ನೇನೂ ಬಿಡಬೇಡಿ. ಅಂಕಿಗಳನ್ನು ಒಂದಿಷ್ಟು ಹಿಂದೆಮುಂದೆ ಮಾಡಿದರೆ ಇದು ನನ್ನದೇ ಕಥೆ. ನಾನು ಹೀಗೇ ಒಂದೊಂದೇ ಬಿಡುತ್ತಾ ಹೋಗಿ ಕೊನೆಗೆ ಐಸಿಯು ಸೇರಿದವಳು.

ನಮ್ಮದು ಹಾಸನ ಜಿಲ್ಲೆ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ನನಗೆ ಶುಗರ್ ಇದೆ ಅಂತ ಗೊತ್ತಾಗಿದ್ದು 38ರಲ್ಲಿ, ಶಾಲೆಗೆ ಬಂದಿದ್ದ ಆರೋಗ್ಯ ಶಿಬಿರದಲ್ಲಿ. ಬೆರಳು ಚುಚ್ಚಿ ನೋಡಿದರು, 243. ವಯಸ್ಸು ಮೂವತ್ತು ದಾಟಿದೆ, ಹಾಗಾಗಿ ಟೈಪ್ 2, ದೊಡ್ಡವರಿಗೆ ಸಾಮಾನ್ಯವಾಗಿ ಬರುವ ಶುಗರ್, ಅಂದರು. ಚೀಟಿಯಲ್ಲಿ ಹಾಗೆ ಬರೆದದ್ದೇ ಮುಂದಿನ ಎಲ್ಲ ಚೀಟಿಗಳಲ್ಲೂ ನಡೆದುಕೊಂಡು ಬಂತು. ಆಗ ನಾನು 51 ಕೆ.ಜಿ. ಇದ್ದೆ. ಇಷ್ಟು ಸಣ್ಣಗಿರುವವಳಿಗೆ ಯಾಕೆ ಬಂತು ಅಂತ ಯಾರೂ ಕೇಳಲಿಲ್ಲ. ನನಗೂ ಕೇಳಬೇಕು ಅನ್ನಿಸಲಿಲ್ಲ.

ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಎರಡೂ ಸೇರಿದ ಮಾತ್ರೆ ಕೊಟ್ಟರು. ಮೊದಲ ಕೆಲವು ತಿಂಗಳು ಎಲ್ಲ ಚೆನ್ನಾಗಿತ್ತು. ನನಗಿದ್ದದ್ದು ಟೈಪ್ 2 ಅಲ್ಲ, ಲಾಡಾ ಅನ್ನುವ ಬೇರೆ ಥರದ ಶುಗರ್ ಅಂತ ಗೊತ್ತಾಗಿದ್ದು ಎಷ್ಟೋ ಆಮೇಲೆ. ಈ ಕಾಯಿಲೆ ಮೋಸ ಮಾಡುವುದೇ ಇಲ್ಲಿ. ನಮ್ಮದೇ ರೋಗನಿರೋಧಕ ಶಕ್ತಿ ಮೇದೋಜೀರಕದಲ್ಲಿ ಇನ್ಸುಲಿನ್ ಮಾಡುವ ಬೀಟಾ ಕೋಶಗಳನ್ನು ನಾಶ ಮಾಡುತ್ತಿರುತ್ತದೆ. ಮಕ್ಕಳಲ್ಲಿ ಬರುವ ಟೈಪ್ 1ರಲ್ಲಿ ಇದು ಬೇಗ ಮುಗಿದುಹೋಗುತ್ತದೆ. ನಮ್ಮಂಥವರಲ್ಲಿ ನಿಧಾನ, ವರ್ಷಗಟ್ಟಲೆ ನಡೆಯುತ್ತದೆ. ಉಳಿದ ಕೋಶಗಳು ಕೆಲಸ ಮಾಡುವಷ್ಟು ದಿನ ಮಾತ್ರೆ ಕೇಳಿದ ಹಾಗೆ ಕಾಣುತ್ತದೆ. ಆಮೇಲೆ ಶುಗರ್ ಏರುತ್ತದೆ, ಡಾಕ್ಟರು ಡೋಸ್ ಏರಿಸುತ್ತಾರೆ, ಮನೆಯವರು ‘ಬಾಯಿ ಕಟ್ಟು’ ಅನ್ನುತ್ತಾರೆ.

ನಮ್ಮ ಮನೆಯಲ್ಲಿ ಇನ್ಸುಲಿನ್ ಅಂದರೆ ಭಯ. ಅತ್ತೆಯವರ ತಮ್ಮನಿಗೆ ಕಿಡ್ನಿ ಕೈಕೊಟ್ಟ ಕಾಲಕ್ಕೆ ಸೂಜಿ ಶುರುವಾಗಿತ್ತು, ಅದಾಗಿ ಸ್ವಲ್ಪ ದಿನಕ್ಕೇ ತೀರಿಕೊಂಡರು. ಹಾಗಾಗಿ ಅತ್ತೆಯವರ ಲೆಕ್ಕದಲ್ಲಿ ಅವರನ್ನು ಕೊಂಡುಹೋಗಿದ್ದು ಸೂಜಿ. ‘ಅದೊಂದು ಹಿಡೀಬೇಡ ಕಣಮ್ಮ’ ಅಂತ ಕಣ್ಣಲ್ಲಿ ನೀರು ತಂದುಕೊಂಡು ಹೇಳುತ್ತಿದ್ದರು. ಅವರದು ಪ್ರೀತಿ, ನಾನು ತಪ್ಪು ಹೇಳುವುದಿಲ್ಲ. ಮೆಂತ್ಯದ ನೀರು, ಹಾಗಲಕಾಯಿ ರಸ, ನೇರಳೆ ಬೀಜದ ಪುಡಿ, ಮಧುನಾಶಿನಿ, ಹಿತ್ತಲಲ್ಲಿ ನೆಟ್ಟ ‘ಇನ್ಸುಲಿನ್ ಗಿಡ’ದ ಎಲೆ, ಎಲ್ಲವೂ ಆಯಿತು.

ನನಗೆ ನಿಜವಾಗಿ ಮುಳುವಾದದ್ದು ಇವಲ್ಲ. ಅದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವು ಈಗ ಅದೇ ಜಾಗದಲ್ಲಿದ್ದೀರಿ.

ನಾನು ರಿಪೋರ್ಟ್ ಚೆನ್ನಾಗಿ ಬರಲಿ ಅಂತ ಊಟ ಬಿಟ್ಟೆ. ಬೆಳಿಗ್ಗೆ ಮೊಟ್ಟೆಯ ಬಿಳಿ ಭಾಗ, ಮಧ್ಯಾಹ್ನ ಒಂದು ಬಟ್ಟಲು ಕೋಸಂಬರಿ, ರಾತ್ರಿ ಸೌತೆಕಾಯಿ ಮತ್ತು ಮಜ್ಜಿಗೆ. ಶುಗರ್ ಇಳಿಯಿತು. ಸರಾಸರಿ 9ರ ಮೇಲಿದ್ದದ್ದು 8ರ ಹತ್ತಿರ ಬಂತು. ಡಾಕ್ಟರು ‘ವೆರಿ ಗುಡ್ ಮೇಡಂ, ಹೀಗೇ ಮುಂದುವರಿಸಿ’ ಅಂದರು. ನಾನು ಏನು ತಿನ್ನುತ್ತಿದ್ದೇನೆ ಅಂತ ಅವರು ಕೇಳಲಿಲ್ಲ. ನಾನಾಗಿ ಹೇಳಲೂ ಇಲ್ಲ, ಹೇಳಿದರೆ ಇನ್ಸುಲಿನ್ ಬರೆದಾರು ಅನ್ನುವ ಹೆದರಿಕೆ.

ಇದರಲ್ಲಿ ಏನು ತಪ್ಪು ಅಂತ ಅನ್ನಿಸಬಹುದು. ಶುಗರ್ ಇಳಿಯಿತಲ್ಲ? ನೋಡಿ, ಗ್ಲುಕೋಮೀಟರ್ ತೋರಿಸುವುದು ರಕ್ತದಲ್ಲಿ ಸಕ್ಕರೆ ಎಷ್ಟಿದೆ ಅನ್ನುವುದನ್ನು ಮಾತ್ರ. ಮೈಯಲ್ಲಿ ಇನ್ಸುಲಿನ್ ಎಷ್ಟು ಉಳಿದಿದೆ ಅಂತ ಅದಕ್ಕೆ ಗೊತ್ತಿಲ್ಲ. ಉಣ್ಣದೇ ಇದ್ದರೆ ಯಾರದ್ದಾದರೂ ಸಕ್ಕರೆ ಇಳಿಯುತ್ತದೆ. ಅದು ಕಾಯಿಲೆ ಹತೋಟಿಗೆ ಬಂದ ಗುರುತಲ್ಲ. ಇನ್ಸುಲಿನ್ ಕೆಲಸ ಬರೀ ಸಕ್ಕರೆ ಇಳಿಸುವುದೂ ಅಲ್ಲ. ಮೈಯ ಕೊಬ್ಬು, ಮಾಂಸ ಕರಗಿಹೋಗದ ಹಾಗೆ ತಡೆಯುವುದೂ ಅದೇ. ಇನ್ಸುಲಿನ್ ತೀರಾ ಕಡಿಮೆಯಾದಾಗ ಕೊಬ್ಬು ಎಗ್ಗಿಲ್ಲದೆ ಕರಗಿ ಕೀಟೋನ್ ಆಗುತ್ತದೆ. ಕೀಟೋನ್ ಜಾಸ್ತಿಯಾದರೆ ರಕ್ತ ಆಮ್ಲವಾಗುತ್ತದೆ. ಅಂದರೆ ನಾನು ಊಟ ಬಿಟ್ಟು ಇಳಿಸಿದ್ದು ಎಲ್ಲರಿಗೂ ಕಾಣುವ ಅಂಕಿಯನ್ನು. ಒಳಗೆ ನಿಜವಾಗಿ ಖಾಲಿಯಾಗುತ್ತಿದ್ದದ್ದನ್ನು ಯಾರೂ ಅಳೆಯದಂತೆ ನಾನೇ ಮಾಡಿದ್ದೆ. ಊಟ ಸರಿಯಾಗಿ ಮಾಡುತ್ತಿದ್ದರೆ ಶುಗರ್ 350 ಬಂದು, ಯಾರಾದರೂ ಒಬ್ಬರು ‘ಇದು ಬೇರೆ ಥರ ಇದೆ’ ಅನ್ನುತ್ತಿದ್ದರೇನೋ.

ತೂಕ 43ಕ್ಕೆ ಬಂತು. ಮದುವೆಯ ಉಂಗುರ ಚಪಾತಿ ಹಿಟ್ಟು ಕಲಸುವಾಗ ಜಾರಿ ಪಾತ್ರೆಯಲ್ಲಿ ಬೀಳುತ್ತಿತ್ತು. ಅದಕ್ಕೆ ದಾರ ಸುತ್ತಿ ಹಾಕಿಕೊಂಡೆ. ಸ್ಟಾಫ್ ರೂಮಿನಲ್ಲಿ ‘ಎಷ್ಟು ಸ್ಲಿಮ್ ಆಗಿದೀರಾ, ನಮಗೂ ಡಯಟ್ ಹೇಳಿ’ ಅನ್ನುತ್ತಿದ್ದರು. ಸಣ್ಣಗಿರುವವರಿಗೆ ಶುಗರ್ ಬಂದು, ಮಾತ್ರೆ ತಿಂದರೂ ತೂಕ ಇಳಿಯುತ್ತಲೇ ಹೋದರೆ ಅದು ಸಂತೋಷದ ಸುದ್ದಿ ಅಲ್ಲವೇ ಅಲ್ಲ.

ಇಂಥ ಹೊತ್ತಿನಲ್ಲಿ ಡಾಪಾಗ್ಲಿಫ್ಲೋಜಿನ್ ಸೇರಿಸಿದರು. ಒಳ್ಳೆಯ ಮಾತ್ರೆಯೇ, ಟೈಪ್ 2 ಇರುವವರ ಹೃದಯಕ್ಕೆ, ಕಿಡ್ನಿಗೆ ತುಂಬಾ ಉಪಕಾರ ಮಾಡುತ್ತದೆ. 2020ರಲ್ಲಿ ಪೇಟೆಂಟ್ ಮುಗಿದ ಮೇಲೆ ನಮ್ಮಲ್ಲಿ ಅಗ್ಗವಾಯಿತು, ಈಗ ಬೇಕಾದಷ್ಟು ಜನ ತಗೊಳ್ಳುತ್ತಾರೆ. ಅದು ರಕ್ತದ ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಕಳಿಸುತ್ತದೆ. ಆದರೆ ಇನ್ಸುಲಿನ್ ಕಡಿಮೆ ಇರುವ ಮೈಗೆ, ಅದರಲ್ಲೂ ಊಟ ಬಿಟ್ಟವರಿಗೆ, ಇದು ಅಪಾಯ. ಕೀಟೋನ್ ಏರುತ್ತಿರುತ್ತದೆ, ಸಕ್ಕರೆ ಮಾತ್ರ ಅಷ್ಟೇನೂ ಜಾಸ್ತಿ ಕಾಣುವುದಿಲ್ಲ. ಅಮೆರಿಕದ ಎಫ್‌ಡಿಎ 2015ರಲ್ಲೇ ಈ ಗುಂಪಿನ ಮಾತ್ರೆಗಳ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು.

ಎಸ್ಸೆಸ್ಸೆಲ್ಸಿ ಮೌಲ್ಯಮಾಪನದ ಸಮಯ. ವಾಂತಿ ಶುರುವಾಯಿತು, ಹೊಟ್ಟೆ ನೋವು. ಹತ್ತಿರದ ಕ್ಲಿನಿಕ್ಕಿನಲ್ಲಿ ಶುಗರ್ ನೋಡಿದರು, 196. ‘ಶುಗರ್ ತೊಂದರೆ ಏನಿಲ್ಲ, ಗ್ಯಾಸ್ಟ್ರಿಕ್ ಅಷ್ಟೇ’ ಅಂತ ಇಂಜೆಕ್ಷನ್ ಕೊಟ್ಟು ಕಳಿಸಿದರು. ರಾತ್ರಿ ಹೊತ್ತಿಗೆ ಉಸಿರು ಉದ್ದುದ್ದ, ಜೋರುಜೋರಾಗಿ ಬರತೊಡಗಿತು. ಮಲಗಿದರೂ ಅಷ್ಟೇ, ಕೂತರೂ ಅಷ್ಟೇ. ಯಜಮಾನರು ಗಾಬರಿಯಾಗಿ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿ ಡ್ಯೂಟಿಯಲ್ಲಿದ್ದ ಹುಡುಗಿ, ಡಾಕ್ಟರ್, ನನಗಿಂತ ಎಷ್ಟೋ ಚಿಕ್ಕವಳು. ‘ಅಕ್ಕಾ, ಶುಗರ್‌ಗೆ ಏನೇನು ಮಾತ್ರೆ ತಗೋತಿದೀರಾ?’ ಅಂತ ಕೇಳಿ, ಚೀಲದಲ್ಲಿದ್ದ ಶೀಟುಗಳನ್ನೆಲ್ಲ ಮೇಜಿನ ಮೇಲೆ ಸುರಿಸಿಕೊಂಡಳು. ಡಾಪಾಗ್ಲಿಫ್ಲೋಜಿನ್ ಶೀಟು ಕಂಡ ತಕ್ಷಣ ಮೂತ್ರದಲ್ಲಿ ಕೀಟೋನ್ ನೋಡಲು ಹೇಳಿದಳು. ಪಟ್ಟಿ ಕಡು ನೇರಳೆಗೆ ತಿರುಗಿತು. ಮಣಿಕಟ್ಟಿನ ರಕ್ತನಾಳಕ್ಕೆ ಸೂಜಿ ಚುಚ್ಚಿ ರಕ್ತ ತೆಗೆದರು, ರಕ್ತ ಆಗಲೇ ಆಮ್ಲವಾಗಿತ್ತು. ಒಂದು ಕೈಗೆ ಇನ್ಸುಲಿನ್ ಡ್ರಿಪ್, ಇನ್ನೊಂದು ಕೈಗೆ ಗ್ಲೂಕೋಸ್ ಡ್ರಿಪ್. ಶುಗರ್ ಇರುವವಳಿಗೆ ಗ್ಲೂಕೋಸ್ ಯಾಕೆ ಹಾಕುತ್ತಾರೆ ಅಂತ ಯಜಮಾನರು ಜಗಳಕ್ಕೇ ಹೋಗಿದ್ದರಂತೆ. ಕೀಟೋನ್ ನಿಲ್ಲಿಸಲು ಇನ್ಸುಲಿನ್ ಬೇಕು, ಇನ್ಸುಲಿನ್ ಕೊಟ್ಟಾಗ ಸಕ್ಕರೆ ತೀರಾ ಕುಸಿಯದಿರಲು ಗ್ಲೂಕೋಸ್ ಬೇಕು ಅಂತ ಆ ಹುಡುಗಿಯೇ ಕೂರಿಸಿ ಹೇಳಿದಳು.

ಅದಾದ ಮೇಲೆ ಎಂಡೋಕ್ರೈನಾಲಜಿಸ್ಟ್, ಅಂದರೆ ಹಾರ್ಮೋನ್ ತಜ್ಞರು, ಬಂದರು, ಎರಡು ರಕ್ತ ಪರೀಕ್ಷೆ ಬರೆದರು. ರೋಗನಿರೋಧಕ ಶಕ್ತಿ ಬೀಟಾ ಕೋಶಗಳ ಮೇಲೆ ತಿರುಗಿಬಿದ್ದಿರುವ ಗುರುತಾದ ಜಿಎಡಿ ಆ್ಯಂಟಿಬಾಡಿ ತುಂಬಾ ಜಾಸ್ತಿ ಬಂತು. ಮೈ ತಾನೇ ಮಾಡುವ ಇನ್ಸುಲಿನ್ ಎಷ್ಟು ಅಂತ ಹೇಳುವ ಸಿ-ಪೆಪ್ಟೈಡ್ 0.5 ನ್ಯಾನೋಗ್ರಾಂ ಬಂತು, ತೀರಾ ಕಡಿಮೆ. ಕಾಯಿಲೆಯ ಹೆಸರು ಲಾಡಾ, ದೊಡ್ಡವರಲ್ಲಿ ನಿಧಾನವಾಗಿ ಬೆಳೆಯುವ ಆಟೋಇಮ್ಯೂನ್ (ನಮ್ಮ ಮೈಯೇ ನಮ್ಮ ಮೇಲೆ ದಾಳಿ ಮಾಡುವ) ಮಧುಮೇಹ. ಹೊಸದೇನಲ್ಲ. ಟೈಪ್ 2 ಅಂದುಕೊಂಡವರ ರಕ್ತದಲ್ಲಿ ಈ ಆ್ಯಂಟಿಬಾಡಿ ಸಿಗುತ್ತದೆ ಅಂತ ತೋರಿಸಿ, ಈ ಹೆಸರನ್ನು ಮುಂದಿಟ್ಟ ಸಂಶೋಧನೆ 1993ರದ್ದು. ಬ್ರಿಟನ್ನಿನ ದೊಡ್ಡ ಮಧುಮೇಹ ಅಧ್ಯಯನ ಯುಕೆಪಿಡಿಎಸ್‌ನಲ್ಲಿ, ಟೈಪ್ 2 ಅಂತ ಸೇರಿಸಿಕೊಂಡವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಇಂಥ ಆ್ಯಂಟಿಬಾಡಿ ಇತ್ತು. ಅಂದಮೇಲೆ ನಾನೊಬ್ಬಳೇ ಅಲ್ಲ, ನೀವೊಬ್ಬರೇ ಅಲ್ಲ.

ಈಗ ನಿಮ್ಮ ವಿಷಯ. ನಿಮಗೆ ಲಾಡಾ ಇದೆ ಅಂತ ನಾನು ಹೇಳುತ್ತಿಲ್ಲ. ನಮ್ಮ ಕಡೆ ಸಣ್ಣಗಿರುವವರಿಗೂ ಟೈಪ್ 2 ಬರುತ್ತದೆ. ಮೇದೋಜೀರಕದಲ್ಲಿ ಕಲ್ಲು ಸೇರಿ ಬರುವ ಶುಗರ್ ದಕ್ಷಿಣ ಭಾರತದಲ್ಲಿ ಮೊದಲಿನಿಂದಲೂ ಇದೆ, ಅದು ಹೊಟ್ಟೆಯ ಸ್ಕ್ಯಾನ್‌ನಲ್ಲಿ ಕಾಣುತ್ತದೆ. ಆದರೆ ಸಣ್ಣ ಮೈ, ಮಾತ್ರೆ ಕೇಳದ ಶುಗರ್, ಜೊತೆಗೆ ಥೈರಾಯ್ಡ್, ಇವು ಮೂರೂ ಒಟ್ಟಿಗೆ ಇರುವಾಗ ಪರೀಕ್ಷೆ ಮಾಡಿಸದೆ ನಾಲ್ಕನೇ ಮಾತ್ರೆ ಸೇರಿಸುವುದು ಸರಿಯಲ್ಲ. ಥೈರಾಯ್ಡ್ ಕಡಿಮೆಯಾಗುವುದೂ ಹೆಚ್ಚಾಗಿ ಆಟೋಇಮ್ಯೂನ್ ಕಾಯಿಲೆಯೇ. ಇಂಥವು ಒಂದರ ಜೊತೆ ಇನ್ನೊಂದು ಬರುತ್ತವೆ.

ಹಾಗಾಗಿ ಮುಂದಿನ ಸಲ ಹೋದಾಗ ‘ಡಾಕ್ಟ್ರೇ, ನನಗೆ ಜಿಎಡಿ ಆ್ಯಂಟಿಬಾಡಿ ಮತ್ತು ಸಿ-ಪೆಪ್ಟೈಡ್ ಮಾಡಿಸಬೇಕು’ ಅಂತ ನೇರವಾಗಿ ಕೇಳಿ. ‘ಅದೆಲ್ಲ ಬೇಡಮ್ಮ’ ಅಂದರೆ ಇನ್ನೊಬ್ಬರನ್ನು ನೋಡಿ, ಅದರಲ್ಲಿ ಸಂಕೋಚ ಬೇಡ. ಎಂಡೋಕ್ರೈನಾಲಜಿಸ್ಟ್ ಸಿಕ್ಕರೆ ಒಳ್ಳೆಯದು. ಖಾಸಗಿಯವರು ದುಬಾರಿ ಅನ್ನಿಸಿದರೆ ಬೆಂಗಳೂರಿನಲ್ಲಿ ಸರ್ಕಾರದ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿ ಅಂಡ್ ರಿಸರ್ಚ್ ಇದೆ. ಜಿಎಡಿ ಪರೀಕ್ಷೆ ಮಾಮೂಲಿ ಶುಗರ್ ಟೆಸ್ಟಿಗಿಂತ ದುಬಾರಿ, ಆದರೆ ಐಸಿಯು ಬಿಲ್ ಕಟ್ಟಿದವಳು ಹೇಳುತ್ತಿದ್ದೇನೆ, ಮಾಡಿಸಿ.

ಸಿ-ಪೆಪ್ಟೈಡ್ ಅಂದರೆ ನಿಮ್ಮ ಮೈ ತಾನೇ ಎಷ್ಟು ಇನ್ಸುಲಿನ್ ಮಾಡುತ್ತಿದೆ ಅನ್ನುವುದರ ಅಳತೆ. ರಕ್ತ ಕೊಡುವಾಗ ಅದರಲ್ಲೇ ಗ್ಲೂಕೋಸನ್ನೂ ನೋಡಲು ಹೇಳಿ, ಎರಡನ್ನೂ ಒಟ್ಟಿಗೆ ಓದಬೇಕು. ಪರೀಕ್ಷೆಗೆ ಮುಂಚೆ ನನ್ನ ಹಾಗೆ ಹಸಿದುಕೊಂಡು ಇರಬೇಡಿ, ದಿನಾ ಉಣ್ಣುವುದನ್ನೇ ಉಣ್ಣಿ. ಇನ್ನೊಂದು, ರಿಪೋರ್ಟಿನಲ್ಲಿ ಯೂನಿಟ್ ಯಾವುದು ನೋಡಿ. 2020ರಲ್ಲಿ ತಜ್ಞರ ಅಂತರರಾಷ್ಟ್ರೀಯ ಸಮಿತಿಯೊಂದು ಲಾಡಾ ಚಿಕಿತ್ಸೆಗೆ ದಾರಿ ಹೇಳಿತು. ಸಿ-ಪೆಪ್ಟೈಡ್ ಲೀಟರಿಗೆ 0.3 ನ್ಯಾನೋಮೋಲ್‌ಗಿಂತ ಕಡಿಮೆ ಇದ್ದರೆ ಟೈಪ್ 1 ಥರ ಇನ್ಸುಲಿನ್ ಚಿಕಿತ್ಸೆಯೇ ಬೇಕು. 0.3ರಿಂದ 0.7ರ ನಡುವೆ ಇದ್ದರೆ ನೋಡಿಕೊಂಡು ನಿರ್ಧಾರ, ಆಗಾಗ ಮತ್ತೆ ಪರೀಕ್ಷೆ. ಅದಕ್ಕಿಂತ ಜಾಸ್ತಿ ಇದ್ದರೆ ಸದ್ಯಕ್ಕೆ ಟೈಪ್ 2 ಥರದ ಚಿಕಿತ್ಸೆ ನಡೆಯುತ್ತದೆ. ನಮ್ಮ ಲ್ಯಾಬುಗಳು ಹೆಚ್ಚಾಗಿ ಮಿಲಿಲೀಟರಿಗೆ ಎಷ್ಟು ನ್ಯಾನೋಗ್ರಾಂ ಅಂತ ಕೊಡುತ್ತವೆ. ಅದರಲ್ಲಿ ಈ ಗೆರೆಗಳು ಸುಮಾರು 0.9 ಮತ್ತು 2.1. ನನ್ನ 0.5 ಎಲ್ಲಿತ್ತು ಅಂತ ನೀವೇ ನೋಡಿ.

ಅದೇ ಸಮಿತಿ ಲಾಡಾ ಇರುವವರಿಗೆ ಗ್ಲಿಮೆಪಿರೈಡ್ ಗುಂಪಿನ ಮಾತ್ರೆ ಬೇಡ ಅಂದಿದೆ. ಆ ಮಾತ್ರೆ ಉಳಿದಿರುವ ಬೀಟಾ ಕೋಶಗಳಿಂದ ಇನ್ನಷ್ಟು ಇನ್ಸುಲಿನ್ ಹೊರಡಿಸುತ್ತದೆ. ಬತ್ತುತ್ತಿರುವ ಬೋರ್‌ವೆಲ್‌ಗೆ ದೊಡ್ಡ ಮೋಟರ್ ಇಳಿಸಿದ ಹಾಗೆ. ಜಪಾನಿನಲ್ಲಿ ಇಂಥವರಿಗೇ ಈ ಗುಂಪಿನ ಮಾತ್ರೆ ಮತ್ತು ಸಣ್ಣ ಡೋಸ್ ಇನ್ಸುಲಿನ್ ಎರಡನ್ನೂ ಹೋಲಿಸಿ ನೋಡಿದರು. ಇನ್ಸುಲಿನ್ ತಗೊಂಡವರಲ್ಲಿ ಸ್ವಂತ ಇನ್ಸುಲಿನ್ ಹೆಚ್ಚು ಉಳಿದಿತ್ತು. ನಾವು ಯಾವುದಕ್ಕೆ ಹೆದರಿ ಓಡುತ್ತೇವೋ ಅದೇ ನಮ್ಮಲ್ಲಿ ಉಳಿದದ್ದನ್ನು ಕಾಪಾಡುತ್ತಿತ್ತು. ಆದರೆ ಇದನ್ನು ಓದಿಕೊಂಡು ಇವತ್ತೇ ಮಾತ್ರೆ ನಿಲ್ಲಿಸಬೇಡಿ. ಬದಲಾವಣೆ ಏನಿದ್ದರೂ ಡಾಕ್ಟರ ಮೂಲಕವೇ ಆಗಲಿ.

‘ರಿವರ್ಸಲ್ ಪ್ರೋಗ್ರಾಂ’ ಬಗ್ಗೆಯೂ ಕೇಳಿದ್ದೀರಿ. ತೂಕ ಇಳಿಸಿ ಟೈಪ್ 2 ಹಿಮ್ಮೆಟ್ಟಿಸುವುದು ಸುಳ್ಳಲ್ಲ, ಬ್ರಿಟನ್ನಿನ ಡೈರೆಕ್ಟ್ ಅಧ್ಯಯನ 2017ರಲ್ಲಿ ಅದನ್ನು ತೋರಿಸಿದೆ. ಆದರೆ ಅದರಲ್ಲಿದ್ದವರು ತೂಕ ಜಾಸ್ತಿ ಇದ್ದವರು. 49 ಕೆ.ಜಿ. ಇರುವ ನೀವು ಯಾವ ತೂಕ ಇಳಿಸುತ್ತೀರಿ? ದುಡ್ಡು ಕಟ್ಟುವ ಮುಂಚೆ ಸಿ-ಪೆಪ್ಟೈಡ್ ಕೇಳದ ಯಾವ ಪ್ರೋಗ್ರಾಂಗೂ ಸೇರಬೇಡಿ. ಇದರಲ್ಲಿ ನನ್ನದು ಖಡಾಖಂಡಿತ ಮಾತು.

ಸೂಜಿ ಭಯದ ಬಗ್ಗೆ. ಇನ್ಸುಲಿನ್ ಪೆನ್ನಿಗೆ ಹಾಕುವ ಸೂಜಿ 4 ಮಿಲಿಮೀಟರ್. ಬೆರಳು ಚುಚ್ಚಿ ಶುಗರ್ ನೋಡುವುದೇ ಅದಕ್ಕಿಂತ ಜಾಸ್ತಿ ನೋಯುತ್ತದೆ. ನಾನು ರಾತ್ರಿ ಒಂದು ದೀರ್ಘ ಅವಧಿಯದ್ದು, ಊಟಕ್ಕೆ ಮುಂಚೆ ಬೇಗ ಕೆಲಸ ಮಾಡುವುದು ತಗೊಳ್ಳುತ್ತೇನೆ. ಪೆನ್ನು ದುಬಾರಿ ಆದರೆ ಸೀಸೆಯಲ್ಲಿ ಬರುವ ಹಳೆಯ ಹ್ಯೂಮನ್ ಇನ್ಸುಲಿನ್ ಎಷ್ಟೋ ಅಗ್ಗ. ಮುದ್ದೆ ಉಣ್ಣುತ್ತೇನೆ, ಹಬ್ಬಕ್ಕೆ ಒಂದು ಹೋಳಿಗೆಯನ್ನೂ ಲೆಕ್ಕ ಹಾಕಿ ತಿನ್ನುತ್ತೇನೆ. ತೂಕ 52 ಆಗಿದೆ. ಶುಗರ್ 70ಕ್ಕಿಂತ ಕೆಳಗೆ ಇಳಿದರೆ ಏನು ಮಾಡಬೇಕು ಅಂತ ಮನೆಯವರಿಗೆಲ್ಲ ಕಲಿಸಿದ್ದೇನೆ: ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಸಿ, ಕಾಲು ಗಂಟೆ ಬಿಟ್ಟು ಮತ್ತೆ ಚೆಕ್ ಮಾಡುವುದು. ಆ ಸಕ್ಕರೆ ಡಬ್ಬಿ ಎಲ್ಲಿದೆ ಅಂತ ಈಗ ಅತ್ತೆಯವರಿಗೇ ಎಲ್ಲರಿಗಿಂತ ಚೆನ್ನಾಗಿ ಗೊತ್ತು.

ಅಪಾಯಿಂಟ್‌ಮೆಂಟ್ ಸಿಗುವವರೆಗೆ ಒಂದು ಕೆಲಸ ಮಾಡಿ. ನಿಮ್ಮ ಮೂರು ಮಾತ್ರೆಗಳಲ್ಲಿರುವ ಔಷಧದ ಹೆಸರಿನ ಕೊನೆಯಲ್ಲಿ ‘ಗ್ಲಿಫ್ಲೋಜಿನ್’ ಅಂತ ಇದೆಯಾ ನೋಡಿ. ಇದ್ದರೆ ಇವತ್ತೇ ಡಾಕ್ಟರಿಗೆ ಫೋನ್ ಮಾಡಿ, ಊಟ ಕಡಿಮೆ ಮಾಡಿದ್ದೇನೆ, ತೂಕ ಇಳಿದಿದೆ, ಇದನ್ನು ಮುಂದುವರಿಸಬೇಕಾ ಅಂತ ಕೇಳಿ. ಮೆಡಿಕಲ್ ಶಾಪಿನಲ್ಲಿ ಮೂತ್ರದ ಕೀಟೋನ್ ಪಟ್ಟಿ ಸಿಗುತ್ತದೆ, ತಂದಿಟ್ಟುಕೊಳ್ಳಿ. ವಾಂತಿ, ಹೊಟ್ಟೆನೋವು, ಉದ್ದುದ್ದ ಉಸಿರು ಬಂದರೆ, ಮೀಟರ್ 180 ತೋರಿಸಿದರೂ ಸರಿ, ಆ ಮಾತ್ರೆ ನುಂಗದೆ ನೇರ ಎಮರ್ಜೆನ್ಸಿಗೆ ಹೋಗಿ, ಕೀಟೋನ್ ನೋಡಿ ಅಂತ ನೀವೇ ಬಾಯಿಬಿಟ್ಟು ಹೇಳಿ.