ಟೀಚರಿಗೆ ಕೇಳಿ: ಹಳೇ ಕಾಲದ ಊರು, ಈಗಿನ ಕಾಲದ ಟಿಕೆಟ್

ಹೋದ ಸಂಚಿಕೆಯಲ್ಲಿ ಅಮೆರಿಕದ ವರ್ಜೀನಿಯಾ ರಾಜ್ಯದ ವಿಲಿಯಮ್ಸ್‌ಬರ್ಗ್ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. 18ನೇ ಶತಮಾನದ ಒಂದು ಊರನ್ನು ಮತ್ತೆ ಎಬ್ಬಿಸಿ ನಿಲ್ಲಿಸಿದ್ದಾರೆ. ಆ ಕಾಲದ ಬಟ್ಟೆ ತೊಟ್ಟವರು ಅಲ್ಲಿ ಕಬ್ಬಿಣ ಬಡಿಯುತ್ತಾರೆ, ಅಡುಗೆ ಮಾಡುತ್ತಾರೆ, ಪುಸ್ತಕ ಅಚ್ಚು ಹಾಕುತ್ತಾರೆ. ಇಂಥ ಮ್ಯೂಸಿಯಂಗಳ ಬಗ್ಗೆ ಪ್ರಶ್ನೆಗಳು ಜಾಸ್ತಿ ಬಂದಿವೆ. ಈ ಸಲ ಬೇರೆ ಎಲ್ಲ ಬದಿಗಿಟ್ಟು ಅವಕ್ಕೇ ಉತ್ತರ.

ಮಗಳ ಮನೆಗೆ ಹೋದಾಗ ನಾವೂ ವಿಲಿಯಮ್ಸ್‌ಬರ್ಗ್ ನೋಡಿದೆವು. ವೇಷ ಹಾಕಿಕೊಂಡು ಕಮ್ಮಾರನ ಕೆಲಸ ಮಾಡುತ್ತಾರೆ, ಅಷ್ಟೇ. ನಮ್ಮೂರಲ್ಲಿ ಬಿಟ್ಟಿ ನೋಡಿದ್ದನ್ನು ಅಲ್ಲಿ ಡಾಲರ್ ಕೊಟ್ಟು ನೋಡಿದ ಹಾಗಾಯಿತು. ಇದು ಇತಿಹಾಸವೋ ನಾಟಕವೋ? (ಓದುಗರು, ದಾವಣಗೆರೆ)

ಮೊದಲು ದುಡ್ಡಿನ ವಿಷಯ. ಅಲ್ಲಿನ ಬೀದಿಗಳಲ್ಲಿ ಓಡಾಡಲು ಟಿಕೆಟ್ ಬೇಡ. ಕಟ್ಟಡಗಳ ಒಳಗೆ, ಕೆಲಸದ ಕೊಟ್ಟಿಗೆಗಳ ಒಳಗೆ ಹೋಗಲು ಮಾತ್ರ ಬೇಕು. ಮಗಳಿಗೆ ಹೇಳಿ, ಮುಂದಿನ ಸಲಕ್ಕೆ ಆಯಿತು.

ಇನ್ನು ಆ ಕಮ್ಮಾರ. ಅವರು ಅಂಗಿ ಬದಲಿಸಿಕೊಂಡು ಬಂದು ನಿಂತವರಲ್ಲ. ಅಲ್ಲಿನ ಕಸುಬುದಾರರು ವರ್ಷಗಟ್ಟಲೆ ಗುರುವಿನ ಕೈಕೆಳಗೆ ಕಲಿತಿರುತ್ತಾರೆ. ಅವರು ಬಡಿದ ಮೊಳೆ, ತಿರುಗಣಿ, ಚಿಲಕ ಅದೇ ಊರಿನ ಕಟ್ಟಡಗಳಿಗೆ ಹೋಗುತ್ತವೆ. ಹಳೇ ಹತಾರ ಹಿಡಿದು ಕೆಲಸ ಮಾಡಿ ನೋಡಿದರೆ ಕಾಗದಪತ್ರದಲ್ಲಿ ಸಿಗದ ವಿಷಯ ಎಷ್ಟೋ ತಿಳಿಯುತ್ತದೆ.

ನನಗೆ ಅಲ್ಲಿ ಹಿಡಿಸಿದ್ದು ಇಟ್ಟಿಗೆ ಮಾಡುವ ಜಾಗ. ಗವರ್ನರ್ ಅರಮನೆಯನ್ನು ಬೇಗ ಮುಗಿಸಿ ಅಲ್ಲಿಗೆ ಬಂದು ಕೂತೆ. ತಗ್ಗಿನಲ್ಲಿ ಮಣ್ಣು ನೀರು ಕಲಸಿರುತ್ತಾರೆ. ಯಾರು ಬೇಕಾದರೂ ಬರಿಗಾಲಲ್ಲಿ ಇಳಿದು ತುಳಿಯಬಹುದು. ಮಕ್ಕಳು ಕೇಕೆ ಹಾಕಿಕೊಂಡು ತುಳಿಯುತ್ತಿದ್ದರು. ಮೇಜಿನ ಹಿಂದೆ ನಿಂತ ಹೆಂಗಸು ಒಂದು ಮುದ್ದೆ ಮಣ್ಣು ತೆಗೆದು, ಮರಳಲ್ಲಿ ಹೊರಳಿಸಿ, ಮರದ ಅಚ್ಚಿಗೆ ಜೋರಾಗಿ ಎಸೆಯುತ್ತಿದ್ದಳು. ಮೆಲ್ಲಗೆ ಹಾಕಿದರೆ ಮೂಲೆ ತುಂಬುವುದಿಲ್ಲ. ಮೇಲಿನ ಹೆಚ್ಚಿನ ಮಣ್ಣನ್ನು ಕಡ್ಡಿಯಿಂದ ಸವರಿ ತೆಗೆದು, ಅಚ್ಚು ಕವುಚಿ, ಮತ್ತೊಂದು. ಬೇಸಿಗೆಯೆಲ್ಲ ಇದೇ ಕೆಲಸ. ಒಣಗಿದ ಮೇಲೆ ಹಸಿ ಇಟ್ಟಿಗೆಯನ್ನೇ ಗೂಡು ಕಟ್ಟಿ, ಕೆಳಗೆ ಕಂಡಿ ಬಿಟ್ಟು, ಚಳಿಗಾಲಕ್ಕೆ ಮುಂಚೆ ಸೌದೆ ಹಾಕಿ ಹಗಲೂ ರಾತ್ರಿ ಸುಡುತ್ತಾರೆ. ನಮ್ಮ ತಿಪಟೂರು ಕಡೆ ಕೆರೆ ಪಕ್ಕದಲ್ಲಿ ಸುಟ್ಟದ್ದೂ ಹೀಗೇ.

ತಗ್ಗಿನಲ್ಲಿದ್ದ ಒಬ್ಬ ಹುಡುಗ, ಒಂದು ಮನೆಗೆ ಎಷ್ಟು ಇಟ್ಟಿಗೆ ಬೇಕು ಅಂತ ಕೇಳಿದ. ಆಕೆ ಸಾವಿರದ ಲೆಕ್ಕ ಹೇಳಿ, ಆ ಕಾಲದಲ್ಲಿ ಮಣ್ಣು ತುಳಿಯುವವರಲ್ಲಿ ನಿನ್ನ ವಯಸ್ಸಿನವರೂ ಇದ್ದರು, ಬೇಸರ ಬಂದಾಗ ಎದ್ದು ಹೋಗುವ ಹಾಗಿರಲಿಲ್ಲ ಅಂದಳು. ಹುಡುಗ ಕಾಲು ನೋಡಿಕೊಂಡ. ಹೈಸ್ಕೂಲಲ್ಲಿ ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮದ ಪಾಠ ಮಾಡಿದವಳು ನಾನು. 1776 ಅನ್ನುವುದನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೆ. ಆ ಊರಿನ ಗೋಡೆಗಳ ಇಟ್ಟಿಗೆ ತುಳಿದವರು ಯಾರು ಅಂತ ಒಂದು ಮಾತು ನಮ್ಮ ಪುಸ್ತಕದಲ್ಲಿರಲಿಲ್ಲ.

ನಾಟಕವೋ ಅಂದಿರಲ್ಲ. ಊರೇ ಅರ್ಧ ಮರುಸೃಷ್ಟಿ ಅನ್ನುವುದಂತೂ ನಿಜ. ವಿಲಿಯಮ್ಸ್‌ಬರ್ಗ್ 1699ರಿಂದ 1780ರವರೆಗೆ ವರ್ಜೀನಿಯಾದ ರಾಜಧಾನಿ. ಆಮೇಲೆ ಸಣ್ಣ ಊರಾಗಿ ಸುಮ್ನೆ ಬಿದ್ದಿತ್ತು. ಅಲ್ಲಿನ ಚರ್ಚಿನ ಪಾದ್ರಿ ಗುಡ್‌ವಿನ್ ಅವರು 1920ರ ದಶಕದಲ್ಲಿ ಭಾರೀ ಸಿರಿವಂತರಾದ ಜಾನ್ ಡಿ. ರಾಕ್‌ಫೆಲರ್ ಜೂನಿಯರ್ ಅವರ ಮನಸ್ಸು ಒಲಿಸಿದರು. ಯಾರ ದುಡ್ಡು ಅನ್ನುವುದನ್ನು ಗುಟ್ಟಾಗಿಟ್ಟು ಪಾದ್ರಿಗಳು ಮನೆಮನೆ ಕೊಂಡರು. ಸುಮಾರು 90 ಕಟ್ಟಡ ಹಳೆಯವು, ಉಳಿದವು ಹೊಸದಾಗಿ ಕಟ್ಟಿದ್ದು. ಗವರ್ನರ್ ಅರಮನೆ 1781ರಲ್ಲೇ ಸುಟ್ಟುಹೋಗಿತ್ತು. ಆಕ್ಸ್‌ಫರ್ಡಿನ ಬಾಡ್ಲಿಯನ್ ಲೈಬ್ರರಿಯಲ್ಲಿ ಸಿಕ್ಕ ಒಂದು ತಾಮ್ರದ ತಗಡಿನ ಚಿತ್ರ, ಥಾಮಸ್ ಜೆಫರ್ಸನ್ ಬರೆದಿಟ್ಟ ನಕ್ಷೆ, ನೆಲ ಅಗೆದಾಗ ಸಿಕ್ಕ ಅಡಿಪಾಯ, ಇವನ್ನಿಟ್ಟುಕೊಂಡು ಮತ್ತೆ ಎಬ್ಬಿಸಿದರು. 18ನೇ ಶತಮಾನ ಕಾಣಲೆಂದು 19ನೇ ಶತಮಾನದ ನೂರಾರು ಕಟ್ಟಡ ಕೆಡವಿದ್ದೂ ಉಂಟು. ಇದನ್ನು ಗೈಡುಗಳು ಕೇಳದೆ ಹೇಳುವುದಿಲ್ಲ, ನೀವೇ ಕೇಳಿ.

ಆ ಕಾಲದಲ್ಲಿ ಗುಲಾಮಗಿರಿ ಇತ್ತಲ್ಲ ಮೇಡಂ. ಅದನ್ನು ತೋರಿಸುತ್ತಾರಾ, ಅಥವಾ ಬರೀ ಅರಮನೆ, ತೋಟ, ಕುದುರೆ ಗಾಡಿಯಾ? (ಓದುಗರು, ಕಲಬುರಗಿ)

ಬಹಳ ವರ್ಷ ಬರೀ ಅರಮನೆ, ತೋಟ, ಕುದುರೆ ಗಾಡಿಯೇ. ಕ್ರಾಂತಿಯ ಹೊತ್ತಿಗೆ ಆ ಊರಿನ ಅರ್ಧಕ್ಕಿಂತ ಜಾಸ್ತಿ ಜನ ಕಪ್ಪು ವರ್ಣದವರು, ಅವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಗುಲಾಮರು. ಆದರೆ ಮ್ಯೂಸಿಯಂ ತೆರೆದು ನಾಲ್ಕು ದಶಕವಾದರೂ ಅವರ ಕಥೆಗೆ ಜಾಗ ಸಿಕ್ಕಿರಲಿಲ್ಲ. 1979ರಲ್ಲಿ ಕಪ್ಪು ಕಲಾವಿದರು ಗುಲಾಮರ ಪಾತ್ರದಲ್ಲಿ ಬೀದಿಗೆ ಬಂದರು. ನೋಡುವವರೂ ಗಲಿಬಿಲಿಗೊಂಡರು, ಮಾಡುವವರಿಗೂ ಸುಲಭವಿರಲಿಲ್ಲ.

ದೊಡ್ಡ ಗಲಾಟೆ ಆಗಿದ್ದು 1994ರ ಅಕ್ಟೋಬರ್ 10ರಂದು. ಅವತ್ತು ಒಂದು ಹೋಟೆಲಿನ ಮೆಟ್ಟಿಲ ಮೇಲೆ ಗುಲಾಮರ ಹರಾಜನ್ನು ಆಡಿ ತೋರಿಸಿದರು. ಆಫ್ರಿಕನ್ ಅಮೆರಿಕನ್ ವಿಭಾಗದ ಮುಖ್ಯಸ್ಥೆ ಕ್ರಿಸ್ಟಿ ಕೋಲ್ಮನ್ ಇದನ್ನು ರೂಪಿಸಿದ್ದು. ಹರಾಜಿಗೆ ನಿಂತ ಬಸುರಿ ಹೆಂಗಸಿನ ಪಾತ್ರ ಮಾಡಿದ್ದೂ ಅವರೇ. ನಮ್ಮ ಹಿರಿಯರ ನೋವನ್ನು ಪ್ರವಾಸಿಗರ ಮನರಂಜನೆ ಮಾಡುತ್ತೀರಾ ಅಂತ ಪ್ರತಿಭಟನೆಗೆ ಜನ ಬಂದಿದ್ದರು. ಕಪ್ಪು ಜನರ ಹಕ್ಕುಗಳ ಸಂಘಟನೆ ಎನ್‌ಎಎಸಿಪಿಯ ಮುಖಂಡರೂ ಇದ್ದರು. ಆಟ ಮುಗಿದ ಮೇಲೆ ಅವರಲ್ಲೊಬ್ಬರು ತಮ್ಮ ಅಭಿಪ್ರಾಯ ಬದಲಾಯಿತು ಅಂದರು. ಎಲ್ಲರೂ ಹಾಗೆ ಅನ್ನಲಿಲ್ಲ.

ನೀವು ಹೋದರೆ ಪೇಟನ್ ರ‍್ಯಾಂಡಾಲ್ಫ್ ಮನೆಗೆ ಹೋಗಿ. ಬ್ರಿಟಿಷರ ವಿರುದ್ಧ ಅಮೆರಿಕದ ವಸಾಹತುಗಳು ಸೇರಿಸಿದ ಮೊದಲ ಸಭೆ, ಅಂದರೆ ಕಾಂಟಿನೆಂಟಲ್ ಕಾಂಗ್ರೆಸ್ಸಿನ ಅಧ್ಯಕ್ಷ ಆತ. ಆ ಒಂದೇ ಹಿತ್ತಲಲ್ಲಿ 27 ಗುಲಾಮರಿದ್ದರು. ಅಡುಗೆಮನೆ ಬೇರೆ ಕಟ್ಟಡ. ಒಲೆಯಿಂದ ಕೆಂಡ ಎಳೆದು ನೆಲದ ಮೇಲೆ ಸಣ್ಣ ಸಣ್ಣ ಗುಡ್ಡೆ ಮಾಡಿ, ಒಂದೊಂದರ ಮೇಲೆ ಒಂದೊಂದು ಪಾತ್ರೆ ಇಟ್ಟು ಬಗ್ಗಿ ಬಗ್ಗಿ ಅಡುಗೆ ಮಾಡಬೇಕು. ಅಲ್ಲಿಂದ ದೊಡ್ಡಮನೆಗೆ ಮುಚ್ಚಿದ ದಾರಿ. ಊಟ ಬಿಸಿಯಾಗಿ ಹೋಗಲಿ ಅಂತ. ಮುಂದಿನ ಕೋಣೆಯಲ್ಲಿ ಕೂತು ಸ್ವಾತಂತ್ರ್ಯದ ಮಾತಾಡಿದವರ ಊಟ ಆ ದಾರಿಯಲ್ಲಿ ಹೋಗುತ್ತಿತ್ತು. ನಾನು ಆ ದಾರಿಯಲ್ಲಿ ಎರಡು ಸಲ ಓಡಾಡಿದೆ. ಗೈಡ್ ನನ್ನನ್ನು ವಿಚಿತ್ರವಾಗಿ ನೋಡಿದ.

ಪ್ಲಿಮತ್‌ನಲ್ಲಿ ನನ್ನ ಮಗ ವೇಷದವರಿಗೆ ಬೆಂಗಳೂರಿಂದ ಬಂದಿದ್ದೇವೆ ಅಂದ. ಅಂಥ ಊರೇ ಕೇಳಿಲ್ಲ, ಹಡಗಲ್ಲಿ ಎಷ್ಟು ತಿಂಗಳಾಯಿತು ಅಂದರು. ಮಗನಿಗೆ ಸಿಟ್ಟೇ ಬಂತು. ಹೀಗ್ಯಾಕೆ? (ಓದುಗರು, ಬೆಂಗಳೂರು)

ಪ್ಲಿಮತ್ ಅಂದರೆ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ, 1620ರಲ್ಲಿ ಇಂಗ್ಲೆಂಡಿನಿಂದ ಹಡಗಲ್ಲಿ ಬಂದು ನೆಲೆಸಿದವರ ಹಳ್ಳಿಯನ್ನು ಮತ್ತೆ ಕಟ್ಟಿದ ಮ್ಯೂಸಿಯಂ. ಅಲ್ಲಿನ ವೇಷದವರಿಗೆ ಅದು 17ನೇ ಶತಮಾನ. ನೀವು ತಾಳಮದ್ದಳೆ ಕೇಳಿದ್ದೀರಲ್ಲ? ಅರ್ಥಧಾರಿ ಎದುರಿನವರ ಪ್ರಶ್ನೆಗೆ ಪಾತ್ರದೊಳಗಿದ್ದೇ, ಅಲ್ಲೇ ಹುಟ್ಟಿಸಿಕೊಂಡು ಉತ್ತರ ಹೇಳಬೇಕು. ಇದೂ ಹಾಗೇ, ಬರೆದುಕೊಟ್ಟ ಮಾತಿಲ್ಲ. ಒಬ್ಬೊಬ್ಬರು ಒಬ್ಬೊಬ್ಬ ನಿಜವಾದ ವಸಾಹತುಗಾರನ ಪಾತ್ರ. ಅವನು ಇಂಗ್ಲೆಂಡಿನ ಯಾವ ಸೀಮೆಯವನು, ಯಾವ ಧಾಟಿಯಲ್ಲಿ ಮಾತಾಡುತ್ತಿದ್ದ ಅನ್ನುವುದನ್ನೂ ಕಲಿತಿರುತ್ತಾರೆ.

ಈ ಹಳ್ಳಿಗೆ ಅವರು ಬಹಳ ಕಾಲ ಇಟ್ಟುಕೊಂಡಿದ್ದು 1627ನೇ ಇಸವಿ. ದಾಖಲೆ ಚೆನ್ನಾಗಿ ಸಿಗುವ ವರ್ಷ ಅದು. ಆ ವರ್ಷ ಊರಿನ ದನ ಹಂಚಿಕೊಂಡರು. 12 ಗುಂಪು, ಗುಂಪಿಗೆ 13 ಜನ, ಪ್ರತಿಯೊಬ್ಬರ ಹೆಸರೂ ಪಟ್ಟಿಯಲ್ಲಿದೆ. ಒಂದೆರಡು ಹಸು, ಒಂದೆರಡು ಆಡಿಗೆ 13 ಜನ ಪಾಲುದಾರರು! ಹಾಲು ಹೇಗೆ ಹಂಚಿಕೊಳ್ಳುತ್ತೀರಿ, ಜಗಳ ಆಗಲ್ವಾ ಅಂತ ಕೇಳಿ ನೋಡಿ. ಬಾಯಿ ಬಿಡುತ್ತಾರೆ.

ಮಗನಿಗೆ ಒಂದು ಉಪಾಯ ಹೇಳಿಕೊಡಿ. ಬೆಂಗಳೂರು ಅನ್ನಬೇಡ, ಕಾಳುಮೆಣಸು ಬರುವ ಸೀಮೆಯಿಂದ ಬಂದೆ ಅನ್ನು. ಈಸ್ಟ್ ಇಂಡಿಯಾ ಕಂಪನಿ ಶುರುವಾಗಿದ್ದು 1600ರಲ್ಲಿ. ಇಂಗ್ಲೆಂಡ್ ರಾಜನ ರಾಯಭಾರಿ ಥಾಮಸ್ ರೋ 1616ರ ಹೊತ್ತಿಗೇ ಜಹಾಂಗೀರನ ಆಸ್ಥಾನಕ್ಕೆ ಬಂದಿದ್ದ. ಮೆಣಸಿನ ಸೀಮೆ ಅಂದರೆ 1627ರ ಇಂಗ್ಲಿಷಿನವನಿಗೆ ಗೊತ್ತಾಗಲೇಬೇಕು. ಗೊತ್ತಿಲ್ಲ ಅಂದರೆ ಪಾತ್ರಧಾರಿ ಪಾಠ ಓದಿಲ್ಲ.

ಅದೇ ಆವರಣದಲ್ಲಿ ವಾಂಪನೋಗ್ ಜನರ ನೆಲೆಯೂ ಇದೆ. ಅಲ್ಲಿ ಈ ಆಟ ನಡೆಯುವುದಿಲ್ಲ. ಅಲ್ಲಿರುವವರು ಮೂಲನಿವಾಸಿ ಸಮುದಾಯಗಳವರೇ. ಮರದ ದಿಮ್ಮಿಯ ಮೇಲೆ ಬೆಂಕಿ ಹಾಕಿ, ಸುಟ್ಟ ಭಾಗ ಕೆರೆದು ಕೆರೆದು ದೋಣಿ ಮಾಡುತ್ತಿರುತ್ತಾರೆ. ಆದರೆ ಮಾತಾಡುವುದು ಇಂದಿನವರಾಗಿ. ಯಾಕೆಂದರೆ ಅವರ ಕಥೆ 1627ಕ್ಕೆ ನಿಂತಿಲ್ಲ. ಇಂಗ್ಲಿಷಿನವರು ಊರು ಕಟ್ಟಿದ ಜಾಗ ಪಟುಕ್ಸೆಟ್ ಅನ್ನುವ ವಾಂಪನೋಗ್ ಹಳ್ಳಿಯಾಗಿತ್ತು. ಹಡಗು ಬರುವ ಕೆಲವು ವರ್ಷ ಮುಂಚೆ ಸಾಂಕ್ರಾಮಿಕ ರೋಗ ಬಂದು ಹಳ್ಳಿ ನಾಶವಾಯಿತು. 2020ರಲ್ಲಿ ಮ್ಯೂಸಿಯಂ ತನ್ನ ಹೆಸರನ್ನು ಪ್ಲಿಮತ್ ಪಟುಕ್ಸೆಟ್ ಅಂತ ಬದಲಿಸಿಕೊಂಡಿತು.

ಅಲ್ಲಿ ಟಾಯ್ಲೆಟ್ ಕೂಡ ಹಳೇ ಕಾಲದ್ದೇನಾ? (ಎಂಟನೇ ಕ್ಲಾಸ್, ಹಾಸನ)

ಇಲ್ಲ ಮರಿ. ಫ್ಲಶ್ ಇದೆ, ಹ್ಯಾಂಡ್ ಡ್ರೈಯರ್ ಇದೆ. ಅಷ್ಟರ ಮಟ್ಟಿಗೆ ಇತಿಹಾಸಕ್ಕೆ ಮೋಸ. ಒಳ್ಳೆಯ ಪ್ರಶ್ನೆ, ನಿಮ್ಮ ಕ್ಲಾಸಿನ ಟೀಚರಿಗೂ ಕೇಳು.

ಇಂಥ ಮ್ಯೂಸಿಯಂ ಮೊದಲು ಮಾಡಿದವರು ಯಾರು? (ಓದುಗರು, ಶಿರಸಿ)

ಸ್ವೀಡನ್ನಿನ ಆರ್ಥರ್ ಹಾಜೇಲಿಯಸ್ ಹೆಸರು ಹೇಳುವುದು ವಾಡಿಕೆ. ಸ್ಟಾಕ್‌ಹೋಮಿನಲ್ಲಿ 1891ರಲ್ಲಿ ಸ್ಕಾನ್ಸೆನ್ ತೆರೆದರು. ಕಾರ್ಖಾನೆಗಳು ಬಂದು ಹಳ್ಳಿ ಬದುಕು ಕರಗುವುದನ್ನು ಕಂಡು, ದೇಶದ ಬೇರೆ ಬೇರೆ ಕಡೆಯ ಮರದ ಮನೆಗಳನ್ನು ಬಿಚ್ಚಿ ತಂದು ಜೋಡಿಸಿದರು. ಒಳಗೆ ಜನರನ್ನೂ ಇಟ್ಟರು. ಕರಡಿ, ತೋಳಗಳೂ ಇವೆ.

ನಮ್ಮ ಕರ್ನಾಟಕದಲ್ಲಿ ಯಾಕಿಲ್ಲ? (ಓದುಗರು, ಧಾರವಾಡ, ಇದೇ ಪ್ರಶ್ನೆ ಇನ್ನೂ ಕೆಲವರದು)

ಮನೆಗಳಿವೆ, ಸಾಮಾನುಗಳಿವೆ. ಬ್ಯಾಂಕ್ ನೌಕರಿಯಲ್ಲಿದ್ದ ವಿಜಯನಾಥ ಶೆಣೈ ಅವರು ಕೆಡವಲು ಹೊರಟಿದ್ದ ಮನೆಗಳನ್ನು ಬಿಚ್ಚಿಸಿ ತಂದು ಮಣಿಪಾಲದಲ್ಲಿ ಮತ್ತೆ ನಿಲ್ಲಿಸಿದರು. ಕುಕನೂರಿನ ಕಮಲ ಮಹಲು, ಕುಂಜೂರಿನ ಚೌಕಿ ಮನೆ, ಮುಧೋಳ ಅರಮನೆಯ ದರ್ಬಾರು ಅಲ್ಲಿವೆ. ರಾಮನಗರದ ಹತ್ತಿರ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ಇದೆ. ಶಿಗ್ಗಾವಿ ಹತ್ತಿರ ಗೊಟಗೋಡಿಯಲ್ಲಿ ಟಿ.ಬಿ. ಸೊಲಬಕ್ಕನವರ ಅವರ ಉತ್ಸವ ರಾಕ್ ಗಾರ್ಡನ್ ಇದೆ. ಅಲ್ಲಿ ಇಡೀ ಹಳ್ಳಿಯೇ ಸಿಮೆಂಟಿನ ಮೂರ್ತಿಗಳಲ್ಲಿದೆ.

ಇಲ್ಲದ್ದು ಕೆಲಸ ಮಾಡುವ ಜನ. ಬೀಸುಕಲ್ಲು ಗೋಡೆಗೆ ಒರಗಿರುತ್ತದೆ, ಪಕ್ಕದಲ್ಲಿ ಚೀಟಿ. ಒಂದು ಮೂಟೆ ರಾಗಿ ತರಿಸಿ, ಭಾನುವಾರ ಬೀಸಲು ಬರುವ ಒಬ್ಬರಿಗೆ ಸಂಬಳ ಕೊಟ್ಟು ಕೂರಿಸಿ, ಬಂದ ಮಕ್ಕಳ ಕೈಗೆ ಗೂಟ ಕೊಡಬೇಕು. ಹತ್ತು ನಿಮಿಷಕ್ಕೆ ರಟ್ಟೆ ಹಿಡಿದುಕೊಂಡು, ಇದನ್ನು ದಿನಾ ಯಾರು ಮಾಡುತ್ತಿದ್ದರು ಅಂತ ಅವರೇ ಕೇಳುತ್ತಾರೆ. ನಮ್ಮಮ್ಮ ಕೋಳಿ ಕೂಗುವ ಮುಂಚೆ ಎದ್ದು ಬೀಸುತ್ತಿದ್ದಳು. ಹಾಡು ಚೆನ್ನಾಗಿತ್ತು ಅಂತ ನಾವು ಈಗ ಹೇಳುತ್ತೇವೆ. ಅವಳಿಗೆ ಭುಜದ ನೋವು ಕೊನೆಯವರೆಗೂ ಹೋಗಲಿಲ್ಲ.

ಕಷ್ಟದ ಪ್ರಶ್ನೆ ಇದರ ಮುಂದಿದೆ. ತೊಟ್ಟಿಮನೆ ಮತ್ತೆ ಎಬ್ಬಿಸಿದರೆ ಜಗಲಿ, ಕಂಬ, ತೂಗುಮಂಚ ತೋರಿಸುತ್ತೇವೆ. ಜೀತದಾಳು ಎಲ್ಲಿ ಉಣ್ಣುತ್ತಿದ್ದ, ತಲೆ ಬೋಳಿಸಿದ ವಿಧವೆ ಯಾವ ಮೂಲೆಯಲ್ಲಿ ಇರುತ್ತಿದ್ದಳು, ಬಾವಿಯ ಹತ್ತಿರ ಯಾರು ಬರುವ ಹಾಗಿರಲಿಲ್ಲ, ಇದನ್ನು ತೋರಿಸುತ್ತೇವಾ? ಅದನ್ನು ಬಿಟ್ಟು ಮಾಡಿದರೆ ಅದು ರೆಸಾರ್ಟ್. ಹೆದ್ದಾರಿ ಪಕ್ಕದಲ್ಲಿ ಈಗಲೇ ಬೇಕಾದಷ್ಟಿವೆ, ಬಾಳೆ ಎಲೆ ಊಟ ಸಮೇತ. ಅದಕ್ಕೆ ನನ್ನ ತಕರಾರಿಲ್ಲ, ಊಟ ಚೆನ್ನಾಗಿರುತ್ತದೆ. ಮ್ಯೂಸಿಯಂ ಅನ್ನಬೇಡಿ ಅಷ್ಟೇ.

ಡಿಸೆಂಬರಿನಲ್ಲಿ ಬಾಸ್ಟನ್‌ಗೆ ಮಗನ ಮನೆಗೆ ಹೋಗುತ್ತಿದ್ದೇವೆ. ಪ್ಲಿಮತ್ ನೋಡಬಹುದಾ? (ಓದುಗರು, ಮೈಸೂರು)

ಆ ಹಳ್ಳಿ ಚಳಿಗಾಲದಲ್ಲಿ ಮುಚ್ಚಿರುತ್ತದೆ. ಅದರ ಬದಲು ಓಲ್ಡ್ ಸ್ಟರ್‌ಬ್ರಿಡ್ಜ್ ವಿಲೇಜ್‌ಗೆ ಹೋಗಿ, ಬಾಸ್ಟನ್ನಿಂದ ಕಾರಿನಲ್ಲಿ ಸುಮಾರು ಒಂದು ತಾಸಿನ ದಾರಿ. 1946ರಲ್ಲಿ ತೆರೆದದ್ದು. 1830ರ ದಶಕದವರೆಗಿನ ನ್ಯೂ ಇಂಗ್ಲೆಂಡ್ ಹಳ್ಳಿ ಬದುಕು ತೋರಿಸುತ್ತಾರೆ. ವೇಷದವರು ನಿಮ್ಮ ಜೊತೆ ಈಗಿನ ಕಾಲದವರಾಗಿಯೇ ಮಾತಾಡುತ್ತಾರೆ, ಮೊಮ್ಮಕ್ಕಳಿಗೆ ಅನುಕೂಲ. ಚಳಿಗಾಲದಲ್ಲಿ ವಾರದ ಎಲ್ಲ ದಿನ ತೆರೆದಿರುವುದಿಲ್ಲ, ನೋಡಿಕೊಂಡು ಹೊರಡಿ. ಕಾಲಿಗೆ ದಪ್ಪ ಸಾಕ್ಸ್ ಇರಲಿ. ಚಳಿ ತಡೆಯದಿದ್ದರೆ ಕಮ್ಮಾರನ ಕೊಟ್ಟಿಗೆಗೆ ಹೋಗಿ ನಿಲ್ಲಿ, ಬೆಂಕಿಯ ಪಕ್ಕ ಮಾತಿಗೂ ಸಿಗುತ್ತಾರೆ.